ದಿನಕ್ಕೊಂದೇ ಡಬ್ಬಿ: ಬಾದಾಮಿ, ಐಹೊಳೆ, ವಿಜಯಪುರದಲ್ಲಿ ನನ್ನ ಜಿಯೋಕ್ಯಾಶಿಂಗ್

ಜಿಯೋಕ್ಯಾಶಿಂಗ್ ಅಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು (ಅದೇ ಕ್ಯಾಶ್) ಸೈಟಿನ ಲಿಸ್ಟಿಂಗ್ ಪುಟ ನೋಡಿ, ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಕಾಗದದಲ್ಲಿ ಹೆಸರು ಹಾಕಿ, ಸೈಟಿನಲ್ಲಿ ಲಾಗ್ ಬರೆಯುವ ಆಟ. ಸಿಕ್ಕ ಒಂದೊಂದೂ ಒಂದು ಫೈಂಡ್. ನನ್ನ ಒಟ್ಟು ಫೈಂಡ್ ನಾನೂರರ ಆಸುಪಾಸಿನಲ್ಲಿ ನಿಂತು ಬಹಳ ದಿನವಾಯಿತು. ನಮ್ಮವನೇ, ಬೆಳಗಾವಿಯಿಂದ ಪುಣೆಗೆ ಹೋಗಿ ನೆಲೆಸಿದ ಗೆಳೆಯನೊಬ್ಬ ಒಂಬತ್ತು ಸಾವಿರದ ಹತ್ತಿರ ಇದ್ದಾನೆ. ಇನ್ನು ಮೇಲೆ ದಿನಕ್ಕೊಂದೇ ಡಬ್ಬಿ, ಅದೂ ಕಾಲಿಗೆ ಕೆಲಸ ಕೊಡುವಂಥದ್ದು ಅಂತ ನಾನು ಅಂದಾಗ ಅವನು ಫೋನಿನಲ್ಲೇ ನಕ್ಕ: “ನಿಮ್ಮ ಕಡೆ ಕ್ಯಾಶೇ ಇಲ್ಲ, ಅದಕ್ಕ ವೇದಾಂತ ಹೇಳಾಕತ್ತಿ ಮಗನ!” ಈಗ ನಾನೇ ಮಾಡಿ ನನ್ನ ಹೆಸರಿನಲ್ಲಿರುವುದು ನಾಲ್ಕೇ ನಾಲ್ಕು ಕ್ಯಾಶ್. ಪ್ರೀಮಿಯಂ ಇರುವವರು, ಅಂದರೆ ಸೈಟಿಗೆ ರೊಕ್ಕ ಕಟ್ಟಿದವರು, ಹತ್ತು ಜನ ಬಂದರೆ ಏಳೆಂಟು ಜನ ಮೆಚ್ಚುಗೆಯ ಫೇವರಿಟ್ ಪಾಯಿಂಟ್ ಕೊಟ್ಟೇ ಹೋಗುತ್ತಾರೆ. ಬೆಂಗಳೂರಿನವರು ಬರೀ ಇವುಗಳಿಗಾಗಿ ರಾತ್ರಿ ರೈಲು ಹತ್ತುತ್ತಾರೆ. ಕಳೆದ ದೀಪಾವಳಿಗೆ ಆ ಪುಣೆಯ ಗೆಳೆಯನೂ ಬಂದ, ಎರಡಕ್ಕೆ ಫೇವರಿಟ್ ಕೊಟ್ಟ. ಹೆಂಗ ಮಾಡಿದಿ, ಬರೆದು ಕೊಡು ಅಂತ ಈಗ ಅವನೇ ಬೆನ್ನು ಹತ್ತಿದ್ದಾನೆ.

ನಂಬರಿನ ರುಚಿ ನನಗೆ ಗೊತ್ತಿಲ್ಲವೆಂದಲ್ಲ. ಆ ನಾನೂರರಲ್ಲಿ ಮುಕ್ಕಾಲು ಪಾಲು ಬಂದದ್ದು ಕಂಪನಿಯವರು ಯಂತ್ರದ ತರಬೇತಿಗೆ ಜರ್ಮನಿಗೆ ಕಳಿಸಿದ್ದಾಗ. ಶನಿವಾರ ಬೆಳಿಗ್ಗೆ ಬಾಡಿಗೆ ಸೈಕಲ್ ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಮೂವತ್ತು. ಬೇಲಿ ಗೂಟದ ತಲೆಯೊಳಗೆ, ಕಂಬದ ಹಿಂದೆ, ಬೆಂಚಿನ ಅಡಿಗೆ, ಎಲ್ಲಾ ಬೆರಳ ತುದಿಯಷ್ಟರ ನ್ಯಾನೊ ಡಬ್ಬಿ, ಎಲ್ಲದರ ಲಾಗಿಗೂ ಒಂದೇ ಟಿಎಫ್‌ಟಿಸಿ (‘ಕ್ಯಾಶಿಗೆ ಥ್ಯಾಂಕ್ಸ್’) ಅಂಟಿಸುವುದು. ಒಂದು ಫೈಂಡಿಗೆ ನಮ್ಮ ರೊಕ್ಕದಲ್ಲಿ ಹತ್ತೋ ಹದಿನೈದೋ ಬಿದ್ದಿರಬೇಕು. ಅದೇ ಚಟ ಹಚ್ಚಿಕೊಂಡು ಬಾಗಲಕೋಟೆಗೆ ಬಂದರೆ ಲೆಕ್ಕವೇ ತಿರುಗಿತು. ಇಲ್ಲಿಂದ ಹುಬ್ಬಳ್ಳಿ ಕಡೆಗೊಮ್ಮೆ, ಹೊಸಪೇಟೆ ಕಡೆಗೊಮ್ಮೆ ಬೈಕ್ ಓಡಿಸಿ, ಪೆಟ್ರೋಲು, ಚಹಾ, ಊಟ ಎಲ್ಲ ಕೂಡಿಸಿ ಒಂದು ಫೈಂಡಿಗೆ ನಾನೂರು-ಐನೂರು ರೂಪಾಯಿ. ಹೋದಲ್ಲಿ ಅರ್ಧದಷ್ಟು ಡಿಎನ್‌ಎಫ್, ಅಂದರೆ ಡಬ್ಬಿ ಸಿಗಲಿಲ್ಲ. ಮಾಲೀಕ ಪ್ರವಾಸಕ್ಕೆ ಬಂದಾಗ ಇಟ್ಟು ಹೋದವನು, ಡಬ್ಬಿ ಹೋಗಿ ವರ್ಷಗಳಾಗಿವೆ, ಲಿಸ್ಟಿಂಗ್ ಮಾತ್ರ ಜೀವಂತ. ಅಂಥ ಕಡೆ ಹೊಸ ಡಬ್ಬಿ ಎಸೆದು ಫೈಂಡ್ ಬರೆದುಕೊಳ್ಳುವವರೂ ಇದ್ದಾರೆ. ಅವರ ಸುದ್ದಿ ಬೇಡ.

ಇಲ್ಲಿ ಇಲ್ಲದಿದ್ದರೆ ನಾವೇ ಬಿತ್ತೋಣ ಎಂದು ದಾರಿಯುದ್ದಕ್ಕೂ ಸಾಲಾಗಿ ಡಬ್ಬಿ ಇಡುವ ಒಂದು ಪವರ್ ಟ್ರೇಲ್ ಕೂಡ ಹಾಕಿ ನೋಡಿದೆವು, ನಾನು ಮತ್ತು ನನ್ನ ಸೋದರಮಾವನ ಮಗ. 2009ರವರೆಗೆ ಇಂಥವಕ್ಕೆ ರಿವ್ಯೂವರ್‌ಗಳು, ಅಂದರೆ ಹೊಸ ಕ್ಯಾಶ್ ಪರೀಕ್ಷಿಸಿ ಸೈಟಿಗೆ ಬಿಡುವವರು, ಒಪ್ಪುತ್ತಿರಲಿಲ್ಲ. ನಿಯಮ ಸಡಿಲಾದ ಮೇಲೆ 2010ರಲ್ಲಿ ನೆವಾಡದ ಮರುಭೂಮಿಯ ಇ.ಟಿ. ಹೈವೇ ಗುಂಟ ಸಾವಿರಕ್ಕೂ ಮಿಕ್ಕಿ ಡಬ್ಬಿ ಸಾಲಾಗಿ ಬಿದ್ದವು, ಲೋಕವೆಲ್ಲ ಅದನ್ನೇ ಹಿಡಿಯಿತು. ನಮ್ಮದು ಬೀಳಗಿ ಕಡೆಯ ಬಂಡಿದಾರಿ, ಎರಡೂವರೆ ಕಿಲೋಮೀಟರ್. ಎರಡೂ ಬದಿ ಮಾವನ ಹೊಲ, ಭಾವಕಿಯವರ ಹೊಲ, ಒಪ್ಪಿಗೆಗೆ ತಕರಾರಿಲ್ಲ. 161 ಮೀಟರಿಗೊಂದರಂತೆ ಹದಿನೈದು-ಹದಿನಾರು. ಫೋಟೋ ಸ್ಟುಡಿಯೋದವನ ಹಳೆಯ ರೀಲ್ ಡಬ್ಬಿ ಪುಕ್ಕಟೆ ಸಿಕ್ಕವು. ಮ್ಯಾಗ್ನೆಟ್, ಟೇಪು, ಲಾಗ್ ಶೀಟಿನ ಜೆರಾಕ್ಸ್, ಪೆಟ್ರೋಲು ಸೇರಿ ಎರಡು ಸಾವಿರ ಕೈಬಿಟ್ಟಿತು. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಾಕುತ್ತಾರಲ್ಲ, ಬದುವಿನಲ್ಲಿದ್ದವು ಆರೋ ಏಳೋ ಕರಗಿ ಉಂಡೆಯಾದವು. ಎರಡು-ಮೂರನ್ನು ಕುರಿ ಕಾಯುವ ಹುಡುಗರು ಗೋಲಿ ಇಡಲು ಒಯ್ದರು. ಉಳಿದವನ್ನು ದಾರಿ ಸಮ ಮಾಡಲು ಬಂದ ಜೆಸಿಬಿ ನುಂಗಿತು. ಒಂದು ವರ್ಷದಲ್ಲಿ ಬಂದವರು ನಾಲ್ಕು ಜನ. ಅವರಲ್ಲೊಬ್ಬ ಕಾರಿನಿಂದ ಇಳಿಯದೆ, ಜೊತೆಗಿದ್ದವನನ್ನು ಇಳಿಸಿ ಇಳಿಸಿ ಮುಗಿಸಿದ. ಹದಿನಾರೂ ಲಾಗಿನಲ್ಲಿ ಹೊಲದ ಸುದ್ದಿಯಾಗಲಿ, ಮಾವ ಕೊಟ್ಟ ಹಸಿಕಡಲೆಯ ಸುದ್ದಿಯಾಗಲಿ ಒಂದಕ್ಷರ ಇರಲಿಲ್ಲ. ಎಲ್ಲವನ್ನೂ ಆರ್ಕೈವ್ ಮಾಡಿ ಮುಚ್ಚಿದೆ.

ಆಮೇಲೆ ಲೆಕ್ಕವನ್ನು ಬೇರೆ ಕಡೆಯಿಂದ ಹಿಡಿದೆ. ಬರುವವನು ಹೇಗೂ ನೂರಾರು ಕಿಲೋಮೀಟರ್ ಬರಬೇಕು. ಅಷ್ಟು ದೂರ ಬಂದವನಿಗೆ ಡಬ್ಬಿಗಿಂತ ಡಬ್ಬಿಯ ದಾರಿ ದೊಡ್ಡದಾಗಬೇಕು. 2000ದ ಮೇ 3ರಂದು ಡೇವ್ ಅಲ್ಮರ್ ಆರೆಗಾನಿನ ಕಾಡಂಚಿನಲ್ಲಿ ಇಟ್ಟದ್ದು ಒಂದೇ ಕರಿ ಬಕೆಟ್ಟು, ಅದರೊಳಗೊಂದು ಬೀನ್ಸ್ ಡಬ್ಬಿಯೂ ಇತ್ತು. ಆ ಒಂದಕ್ಕೇ ಜನ ಹುಡುಕಿಕೊಂಡು ಹೋಗಲಿಲ್ಲವೇ?

ಮೊದಲು ಮಾಡಿದ್ದು ಬಾದಾಮಿಯ ಅರ್ತ್‌ಕ್ಯಾಶ್. ಇದಕ್ಕೆ ಡಬ್ಬಿಯೇ ಇಲ್ಲ, ಜಾಗದ ಕಲ್ಲು ನೋಡಿ ಪ್ರಶ್ನೆಗೆ ಉತ್ತರ ಕಳಿಸಿದರೆ ಫೈಂಡ್, ಹಾಗಾಗಿ ಬಾದಾಮಿಯ ಮಂಗಗಳಿಗೆ ಕೆಲಸವೂ ಇಲ್ಲ. ಅಲ್ಲಿ ಡಬ್ಬಿ ಇಡುವ ಹುರುಪಿದ್ದವರು ಒಮ್ಮೆ ಅಗಸ್ತ್ಯತೀರ್ಥದ ದಂಡೆಯಲ್ಲಿ ಬಾಳೆಹಣ್ಣು ಹಿಡಿದು ನಿಂತು ನೋಡಿ, ಆಮೇಲೆ ಮಾತಾಡೋಣ. ಅರ್ತ್‌ಕ್ಯಾಶ್ 2004ರಿಂದ ಇದೆ, ಜಿಯಾಲಾಜಿಕಲ್ ಸೊಸೈಟಿ ಆಫ್ ಅಮೆರಿಕ ಹುಟ್ಟುಹಾಕಿದ್ದು. ಆದರೂ ನಮ್ಮಲ್ಲಿ ಅದನ್ನು ‘ಪುಕ್ಕಟೆ ಫೈಂಡ್’ ಎಂದು ಮೂಗು ಮುರಿಯುವವರೇ ಜಾಸ್ತಿ. ಪುಕ್ಕಟೆ ಆಗುವುದು ಪ್ರಶ್ನೆ ಸಪ್ಪಗಿದ್ದಾಗ. ಬಾದಾಮಿಯ ಆ ಕೆಂಪು ಮರಳುಗಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರೇ ಕೇವ್ ಟೆಂಪಲ್ ಅರಿನೈಟ್. ಬಂಡೆಯ ಮೈ ನೋಡಿದರೆ ಮಟ್ಟಸ ಪದರಗಳ ನಡುವೆ ಓರೆ ಗೆರೆಗಳು ಕಾಣುತ್ತವೆ. ಹರಿಯುವ ನೀರು ಮರಳನ್ನು ಇಳಿಜಾರಾಗಿ ಸುರಿದು ಹೋದ ಗುರುತು ಅದು, ಓರೆ ಯಾವ ಕಡೆ ಇಳಿಯುತ್ತದೋ ನೀರು ಆ ಕಡೆ ಹೋಗಿದೆ. ನನ್ನ ಪ್ರಶ್ನೆ: ಮೂರು ಜಾಗದಲ್ಲಿ ನಿಂತು ನೀರಿನ ದಿಕ್ಕು ಹೇಳಿ, ಓರೆ ಗೆರೆಗಳ ಒಂದೊಂದು ಕಂತೆಯ ದಪ್ಪವನ್ನು ನಿಮ್ಮ ಗೇಣಿನಲ್ಲಿ ಅಳೆದು ಬರೆಯಿರಿ. ಮೂರೂ ಕಡೆ ಉತ್ತರ ಒಂದೇ ಬರುವುದಿಲ್ಲ, ಅಲ್ಲೇ ಮಜಾ. ರಿವ್ಯೂವರ್ ಮೂರ್ನಾಲ್ಕು ಸಲ ವಾಪಸ್ ಕಳಿಸಿದ. ಪಾಠ ಉದ್ದ, ಪ್ರಶ್ನೆ ಕಠಿಣ, ಎಲ್ಲವೂ ಅವನ ತಕರಾರೇ. ಕೊನೆಗೆ ಪಾಠ ಕಡಿಮೆ ಮಾಡಿದೆ, ಪ್ರಶ್ನೆ ಬಿಡಲಿಲ್ಲ. ಮನೆಯಲ್ಲಿ ಕೂತು ಫೋಟೋ ನೋಡಿ ಉತ್ತರಿಸಿದವರು ಮೊದಲ ಸಾಲಿನಲ್ಲೇ ಸಿಕ್ಕಿಬೀಳುತ್ತಾರೆ. ಹೇಗೆ ಎಂದು ಹೇಳಿದರೆ ನನ್ನ ಕ್ಯಾಶ್ ಮುಗಿಯಿತು.

ಇದಕ್ಕೆ ಜೋಡಿ, ಸಿಡಿಲಫಡಿಯದು. ಬಾದಾಮಿಯಿಂದ ಬಂಡೆ, ಕುರುಚಲು ದಾಟಿ ಒಂದೊಂದೂವರೆ ತಾಸಿನ ನಡಿಗೆ. ತೂತು ಬಿದ್ದ ಬಂಡೆಯ ಕಮಾನು, ಅದರ ಆಸರೆಯಲ್ಲಿ ಹಳೆಯ ಮನುಷ್ಯರ ಚಿತ್ರಗಳು. ಅಲ್ಲಿಯೂ ಡಬ್ಬಿ ಇಲ್ಲ, ಇಡಲೂಬಾರದು. ಟೆರೇನ್, ಅಂದರೆ ದಾರಿಯ ಕಷ್ಟದ ಅಂಕ, ಐದಕ್ಕೆ ಮೂರೂವರೆ ಹಾಕಿದ್ದೇನೆ. ಕೆಲವರು ನಾಲ್ಕು ಅಂತಾರೆ, ಅವರು ಏಪ್ರಿಲ್‌ನಲ್ಲಿ ಬಂದವರು.

ಡಬ್ಬಿ ಇಡುವ ಕಡೆ ನಮ್ಮ ಸೀಮೆಯ ದೊಡ್ಡ ಕಾಟ ಮಂಗವಲ್ಲ, ನಿಧಿ. ಹಳೆ ಗುಡಿಯ ಸುತ್ತ ಫೋನ್ ಹಿಡಿದು ಬಗ್ಗಿ ಬಗ್ಗಿ ನೋಡುವವನನ್ನು ಊರವರು ಏನೆಂದು ತಿಳಿಯಬೇಕು? ಐಹೊಳೆಯ ಹತ್ತಿರದ ಹಳ್ಳಿಯೊಂದರಲ್ಲಿ ಏಳೆಂಟು ಜನ ಸುತ್ತುವರಿದು ನಿಂತರು. “ಏನ್ರೀ ಸಾಹೇಬ್ರ, ಅಮಾಸಿ ಹತ್ರ ಬಂತು, ಏನ್ ಹುಡಕಾಕತ್ತೀರಿ?” ನನ್ನ ಚೀಲದಲ್ಲಿ ಸಲಿಕೆ-ಗುದ್ದಲಿ ಇಲ್ಲವೆಂದು ತೋರಿಸಿ, ಲಾಗ್‌ಬುಕ್ಕಿನಲ್ಲಿ ಅವರದೇ ಹಿರಿಯರೊಬ್ಬರ ಸಹಿ ಹಾಕಿಸಿದ ಮೇಲೆ ಚಹಾ ಬಂತು. ಅವತ್ತಿನಿಂದ ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಹಾಳೆ ಇಟ್ಟುಕೊಂಡಿದ್ದೇನೆ: ಇದು ಆಟ, ಅಗೆಯುವುದು ಆಟದ ನಿಯಮದಲ್ಲೇ ಇಲ್ಲ, ಡಬ್ಬಿಯಲ್ಲಿ ಇರುವುದು ಕಾಗದ. ನನ್ನ ಲಿಸ್ಟಿಂಗಿಗೂ ಅದನ್ನು ಸೇರಿಸಿದ್ದೇನೆ, ಬರುವವರು ಇಳಿಸಿಕೊಂಡು ತರಲಿ ಎಂದು. ಇನ್ನೊಂದು ನೇಮ: ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎಂದು 2010ರ ತಿದ್ದುಪಡಿ ಹೇಳುತ್ತದೆ. ಅದು ಕಟ್ಟಡ ಕಟ್ಟುವವರಿಗೆ, ಡಬ್ಬಿಯ ಸುದ್ದಿ ಅದರಲ್ಲಿಲ್ಲ. ನಾನು ಮಾತ್ರ ಡಬ್ಬಿಗೂ ಅದೇ 300 ಮೀಟರ್ ಹಿಡಿದಿದ್ದೇನೆ. ಅಲ್ಲಿಂದಾಚೆಗೆ ತಂಟೆ ಬಂದಿಲ್ಲ.

ಐಹೊಳೆಗೆ ಬಂದವರು ದುರ್ಗದ ಗುಡಿ ನೋಡಿ, ಎಳನೀರು ಕುಡಿದು, ಪಟ್ಟದಕಲ್ಲಿಗೆ ಓಡುತ್ತಾರೆ. ಮೇಗುತಿ ಗುಡ್ಡ ಹತ್ತುವವರು ಕಡಿಮೆ. ಅವರನ್ನು ಹತ್ತಿಸಲೆಂದೇ ಒಂದು ಮಿಸ್ಟರಿ ಕಟ್ಟಿದೆ, ಒಗಟು ಬಿಡಿಸಿದರೇ ಡಬ್ಬಿಯ ಜಾಗ ಸಿಗುವಂಥ ಕ್ಯಾಶ್. ಮೊದಲ ಸಲ ಆ ಗುಡ್ಡದ ಗುಡಿಯಲ್ಲಿರುವ ರವಿಕೀರ್ತಿಯ ಶಾಸನದ ಇಸವಿಯ ಅಂಕಿಗಳನ್ನು ಸೂತ್ರಕ್ಕೆ ಹಾಕಿದ್ದೆ. ಒಂದು ಪುಸ್ತಕ 634 ಅನ್ನುತ್ತದೆ, ಇನ್ನೊಂದು 635. ಸೊಲ್ಲಾಪುರದ ಒಂದು ಜೋಡಿ 635 ಹಿಡಿದು ಮುಳ್ಳುಕಂಟಿಯೊಳಗೆ ಹೊಕ್ಕು ನನಗೆ ಫೋನ್ ಮಾಡಿ ಬೈದರು. ಈಗ ಶಾಸನವೇ ಹೇಳುವ ಲೆಕ್ಕ ಬಳಸುತ್ತೇನೆ: ಶಕ 556, ಮತ್ತು ಭಾರತ ಯುದ್ಧದಿಂದ 3735 ವರ್ಷ. ಇದರಲ್ಲಿ ಎರಡು ಮಾತಿಲ್ಲ. ಉಳಿದ ಅಂಕಿಗಳು ಗುಡಿಯ ಹಿಂದಿನ ಶಿಲಾಗೋರಿಗಳ ಕಡೆ ಹೋಗಿ ಎಣಿಸಿದರೇ ಸಿಗುತ್ತವೆ. ಉತ್ತರದ ಎಲ್ಲ ಅಂಕಿ ಕೂಡಿಸಿದರೆ ಎಷ್ಟು ಬರಬೇಕು ಎಂದು ಲಿಸ್ಟಿಂಗಿನಲ್ಲೇ ಕೊಟ್ಟಿದ್ದೇನೆ. ಆ ಚೆಕ್‌ಸಮ್ ಹಾಕಿದ ಮೇಲೆ ಬೈಗುಳದ ಫೋನ್ ನಿಂತವು.

ನನಗೇ ಹೆಚ್ಚು ಸೇರಿದ್ದು ವಿಜಯಪುರದ ಮಲ್ಟಿ, ಹಲವು ಜಾಗ ದಾಟಿ ಕೊನೆಯ ಡಬ್ಬಿಗೆ ಬರುವ ಕ್ಯಾಶ್. ಗೋಳಗುಮ್ಮಟದಲ್ಲಿ ಪ್ರತಿಧ್ವನಿ ಕೂಗಿಸಿ ಬರುವವರಿಗೆ ಆದಿಲ್‌ಶಾಹಿಯ ನೀರು ಗೊತ್ತಿಲ್ಲ. ತೊರವಿ ಕಡೆಯಿಂದ ಸುರಂಗದಲ್ಲಿ, 1651ರ ಬೇಗಂ ತಲಾಬಿನಿಂದ ನೆಲದೊಳಗಿನ ಕೊಳವೆಯಲ್ಲಿ ನೀರು ಊರಿಗೆ ಬರುತ್ತಿತ್ತು. ದಾರಿಯಲ್ಲಿ ನೀರಿನ ಒತ್ತಡ ಇಳಿಸಲು, ಕೆಸರು ತಂಗಲು ಕಟ್ಟಿದ ಗಂಜ್ ಎಂಬ ಗೋಪುರಗಳು ಈಗಲೂ ಅಂಗಡಿ, ಮನೆಗಳ ನಡುವೆ ನಿಂತಿವೆ. ಊರವರೇ ಅವನ್ನು ದಿನಾ ನೋಡಿಯೂ ನೋಡಿರುವುದಿಲ್ಲ. ತಲಾಬಿನಿಂದ ಹೊರಟು ಗಂಜ್‌ನಿಂದ ಗಂಜ್‌ಗೆ, ನೀರು ಬಂದ ಹಾಗೆಯೇ ಹುಡುಕುವವನೂ ಊರೊಳಗೆ ಬರುತ್ತಾನೆ. ಅಳತೆಗೆ ನಾನು ಪಟ್ಟ ಪಾಡು ಹೇಳತೀರದು. ಓಣಿಯ ಎರಡೂ ಬದಿ ಗೋಡೆ, ಫೋನಿನ ಜಿಪಿಎಸ್ ಇಪ್ಪತ್ತು ಮೀಟರ್ ಆಚೀಚೆ ಕುಣಿಯುತ್ತಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಬೇರೆ ಬೇರೆ ದಿನ ಹೋಗಿ ಸರಾಸರಿ ತೆಗೆದೆ. ಜಿಪಿಎಸ್ ಅನ್ನು ಎರಡು ಫ್ರೀಕ್ವೆನ್ಸಿಯಲ್ಲಿ ಹಿಡಿಯುವ ಫೋನನ್ನು ತಮ್ಮನಿಂದ ಕಡ ತಂದ ಮೇಲೆ ಕೆಲಸ ಹಗುರಾಯಿತು. ಕೊನೆಯ ಡಬ್ಬಿ ಗೆಳೆಯನ ಮನೆಯ ಕಂಪೌಂಡಿನ ಹೊರಮೈಗಿದೆ, ಮನೆಯವರಿಗೆಲ್ಲ ಗೊತ್ತು. ಹತ್ತಿರದ ಖಾನಾವಳಿಯ ರೊಟ್ಟಿ, ಎಣಗಾಯಿ ಪಲ್ಯ ಲಿಸ್ಟಿಂಗಿನಲ್ಲಿ ಹಾಕುವಂತಿಲ್ಲ, ಜಾಹೀರಾತು ಎಂದು ರಿವ್ಯೂವರ್ ತಡೆಯುತ್ತಾನೆ. ಕೇಳಿದವರಿಗೆ ಫೋನಿನಲ್ಲಿ ಹೇಳುತ್ತೇನೆ.

ಡಬ್ಬಿಯ ಪ್ರಯೋಗ ಒಂದಷ್ಟು ನಡೆದವು. ಸ್ಟೀಲ್ ಟಿಫನ್ ಡಬ್ಬಿ ಇಟ್ಟರೆ ವಾರದೊಳಗೆ ಯಾರದೋ ಅಡುಗೆಮನೆ ಸೇರುತ್ತದೆ, ನಾಲ್ಕುನೂರು ರೂಪಾಯಿ ನೀರಿಗೆ ಹೋಯಿತು. ಒಳ್ಳೆ ಕ್ಲಿಪ್ಪಿನ ಪ್ಲಾಸ್ಟಿಕ್ ಡಬ್ಬಿ ನಮ್ಮ ಮೇ ತಿಂಗಳಿಗೆ ಸೊಟ್ಟಗಾಗಿ ಮುಂದೆ ಮಳೆಗೆ ಬಾಯಿ ಬಿಡುತ್ತದೆ. ಗೆದ್ದದ್ದು ಬೋರ್‌ವೆಲ್ ಅಂಗಡಿಯಲ್ಲಿ ಉಳಿದ ಪಿವಿಸಿ ಪೈಪಿನ ತುಂಡು, ಎರಡು ಕ್ಯಾಪು, ಮೇಲೆ ಹಳೆ ಸೈಕಲ್ ಟ್ಯೂಬು. ಖರ್ಚು ಎಂಬತ್ತು-ತೊಂಬತ್ತು ರೂಪಾಯಿ. ನೋಡಲು ಎಷ್ಟು ಕುರೂಪವೆಂದರೆ ಕಳ್ಳನೂ ಮುಟ್ಟುವುದಿಲ್ಲ. ಒಳಗೆ ಪೆನ್ಸಿಲ್ಲೇ ಇಡಿ, ಪೆನ್ನು ಬಿಸಿಲಿಗೆ ಸೋರುತ್ತದೆ. ಕ್ಯಾಪಿನೊಳಗೆ ನೀರು ಇಳಿಯದಂತೆ ನಾನು ಹಾಕುವ ಒಂದು ವಸ್ತು ಇದೆ, ಐದು ರೂಪಾಯಿಯದು. ಡಬ್ಬಿ ಬಿಚ್ಚಿದವರು ನೋಡಿಕೊಳ್ಳಿ.

ಫೇವರಿಟ್ ಪಾಯಿಂಟಿನ ಲೆಕ್ಕದ್ದು ಮಾತ್ರ ನನಗೆ ಇಂದಿಗೂ ಸಿಟ್ಟಿದೆ. ಹತ್ತು ಫೈಂಡ್ ಆದರೆ ಕೊಡಲು ಒಂದು ಪಾಯಿಂಟ್ ಸಿಗುತ್ತದೆ. ಅಂದರೆ ಒಳ್ಳೆಯದೊಂದನ್ನು ಮೆಚ್ಚಲು ಹತ್ತನ್ನು ಬಾಚಿ ಬರಬೇಕು, ಮೇಲೆ ಪ್ರೀಮಿಯಂ ರೊಕ್ಕ ಬೇರೆ, ನಾನು ಕಟ್ಟಿದಾಗ ಎರಡೂವರೆ ಸಾವಿರದ ಹತ್ತಿರ ಹೋಯಿತು. ನಂಬರ್ ಏರಿಸಲೇಬೇಕು ಎನ್ನುವವರಿಗೆ ಅಡ್ವೆಂಚರ್ ಲ್ಯಾಬ್ ಇದೆ, ಡಬ್ಬಿಯಿಲ್ಲದೆ ಜಾಗದಿಂದ ಜಾಗಕ್ಕೆ ಹೋಗಿ ಫೋನಿನಲ್ಲಿ ಉತ್ತರ ಒತ್ತುವುದು, ಐದು ಜಾಗದ್ದಾದರೆ ಐದು ಫೈಂಡ್. ನನ್ನ ಮಲ್ಟಿಗೆ ಅರ್ಧ ದಿನ ನಡೆದರೂ ಒಂದೇ. ಇದನ್ನೂ ಲ್ಯಾಬ್ ಮಾಡು, ಜನ ಹೆಚ್ಚು ಬರ್ತಾರ ಅಂತ ಪುಣೆಯವನ ಸಲಹೆ. ಮಾಡುವುದಿಲ್ಲ.

ಗೋಕಾಕ ಫಾಲ್ಸ್ ಇನ್ನೂ ಕೈಗೆ ಬಂದಿಲ್ಲ. 52 ಮೀಟರ್ ಧುಮುಕುವ ಘಟಪ್ರಭೆಯ ಮುಂದೆ ಕಲ್ಲಿನ ಪ್ರಶ್ನೆ ಕೇಳಿದರೆ ಯಾರು ಬಗ್ಗಿ ನೋಡುತ್ತಾರೆ? ಮಳೆಗಾಲದಲ್ಲಿ ಸೆಲ್ಫಿಯವರ ಸಂತೆ, ಬೇಸಿಗೆಯಲ್ಲಿ ನೀರೇ ಇಲ್ಲ. ಅದಕ್ಕಿಂತ ರಾಮದುರ್ಗದ ಕಡೆಯ ಒಂದು ಬಂಡೆಯ ಮೇಲೆ ನನ್ನ ಕಣ್ಣಿದೆ: ಕೆಳಗೆ ಭೂವಿಜ್ಞಾನಿಗಳು ಬಾಗಲಕೋಟೆ ಗುಂಪು ಎನ್ನುವ ಹಳೆಯ ಶಿಲೆಯ ಓರೆಯಾಗಿ ಎದ್ದ ಪದರ, ಅದರ ತಲೆಯ ಮೇಲೆ ಬಾದಾಮಿ ಗುಂಪು ಎನ್ನುವ ಆಮೇಲಿನ ಶಿಲೆಯ ಮಟ್ಟಸ ಪದರ. ಜಾಗದವರ ಒಪ್ಪಿಗೆ ಬಂದರೆ ಯುಗಾದಿಯೊಳಗೆ ಹಾಕುತ್ತೇನೆ.

ಬರುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಬನ್ನಿ. ಹುಬ್ಬಳ್ಳಿ-ಸೊಲ್ಲಾಪುರ ಲೈನಿನ ಪ್ಯಾಸೆಂಜರ್ ಬಾದಾಮಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ನಿಲ್ಲುತ್ತದೆ, ಪೆಟ್ರೋಲಿನ ಹತ್ತನೇ ಒಂದು ಪಾಲಿನಲ್ಲಿ ಮುಗಿಯುತ್ತದೆ. ಸಿಡಿಲಫಡಿಗೆ ತಲೆಗೆ ಎರಡು ಲೀಟರ್ ನೀರು ಒಯ್ಯಿರಿ, ದಾರಿಯಲ್ಲಿ ಹನಿ ಸಿಗುವುದಿಲ್ಲ. ತಿನ್ನುವುದೇನಿದ್ದರೂ ಚೀಲದೊಳಗೇ ಇರಲಿ.