ಅಂಗೈಯಲ್ಲಿ ಗಂಟುಗಳೆದ್ದರೆ ಕುಡಿಯುವ ನೀರನ್ನೂ ಪರೀಕ್ಷಿಸಿ

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಮಂಗಳೂರು ಎಂಬ ಹಳ್ಳಿಯಿದೆ (ಕರಾವಳಿಯ ಮಂಗಳೂರಲ್ಲ). ಅಲ್ಲಿನ ಹಳೆಯ ಚಿನ್ನದ ಗಣಿಯ ಆಸುಪಾಸಿನ ಕಿರದಳ್ಳಿ ತಾಂಡಾದ ಜನರ ಅಂಗೈ, ಅಂಗಾಲುಗಳಲ್ಲಿ ಎದ್ದ ಗಂಟುಗಳಿಗೆ ಕುಡಿಯುವ ನೀರಿನಲ್ಲಿದ್ದ ಆರ್ಸೆನಿಕ್ ಎಂಬ ವಿಷವಸ್ತು ಕಾರಣವೆಂದು ತಿಳಿದುಬಂದಿತು. ಚಿನ್ನವಿರುವ ಶಿಲೆಗಳಲ್ಲಿ ಆರ್ಸೆನಿಕ್ ಖನಿಜವೂ ಇರುವುದು ಸಾಮಾನ್ಯ. ಅದು ಕರಗಿ ಅಂತರ್ಜಲವನ್ನು ಸೇರುತ್ತದೆ. ಪಶ್ಚಿಮ ಬಂಗಾಳದಲ್ಲಿ ಈ ರೋಗವನ್ನು ಚರ್ಮವೈದ್ಯ ಕೆ.ಸಿ. ಸಾಹಾ ಅವರು 1983ರಲ್ಲಿಯೇ ಗುರುತಿಸಿದ್ದರು.

ಇದರ ಲಕ್ಷಣಗಳು ವಿಷದ ನೀರನ್ನು ಸಾಮಾನ್ಯವಾಗಿ ಐದಾರು ವರ್ಷವೋ ಅದಕ್ಕಿಂತ ಹೆಚ್ಚು ಕಾಲವೋ ಕುಡಿದ ಮೇಲೆ ಕಾಣಿಸಿಕೊಳ್ಳುವುದರಿಂದ, ಜನ ನೀರನ್ನು ಸಂಶಯಿಸುವುದೇ ಇಲ್ಲ. ಮೊದಲು ಎದೆ ಮತ್ತು ಬೆನ್ನನ್ನು ಹಗಲಿನ ಬೆಳಕಿನಲ್ಲಿ ನೋಡಬೇಕು: ಮಳೆಹನಿ ಸಿಡಿದಂತೆ ಸಣ್ಣ ಕಪ್ಪು ಚುಕ್ಕೆಗಳು, ಅವುಗಳ ನಡುವೆ ಬಿಳಿ ಚುಕ್ಕೆಗಳು ಇರಬಹುದು. ಬಳಿಕ ಅಂಗೈಯನ್ನು ಬೆರಳಿನಿಂದ ಸವರಿದರೆ, ಕಣ್ಣಿಗೆ ಕಾಣುವ ಮೊದಲೇ ಮರಳಿನಂಥ ಒರಟುತನ ತಿಳಿಯುತ್ತದೆ. ಕೆಲಸದಿಂದ ಬಂದ ಜಡ್ಡು ಸಲಕರಣೆ ಒತ್ತುವ ಜಾಗದಲ್ಲಿ ಮಾತ್ರ ಇರುತ್ತದೆ. ಈ ಗಂಟುಗಳು ಎರಡೂ ಕೈಗಳಲ್ಲಿ, ಎರಡೂ ಕಾಲುಗಳಲ್ಲಿ ಚದುರಿರುತ್ತವೆ, ಸಾಮಾನ್ಯವಾಗಿ ತುರಿಸುವುದಿಲ್ಲ. ಒಂದೇ ಬಾವಿಯ ನೀರು ಕುಡಿಯುವ ಹಲವರಲ್ಲಿ ಕಾಣಿಸಿಕೊಂಡರೆ ಸಂಶಯ ಬಲವಾಗುತ್ತದೆ. ಇದು ಕುಷ್ಠವೂ ಅಲ್ಲ, ತೊನ್ನೂ ಅಲ್ಲ, ಮುಟ್ಟಿದರೆ ಹರಡುವುದೂ ಇಲ್ಲ. ಇದನ್ನು ಊರಿನವರಿಗೆ ಮೊದಲೇ ಹೇಳದಿದ್ದರೆ ರೋಗಿಯ ಮದುವೆ, ಕೂಲಿ ಎರಡಕ್ಕೂ ಕುತ್ತು ಬರುತ್ತದೆ.

ಸಂಶಯ ಬಂದಾಗ ಮುಲಾಮು ಹುಡುಕುವುದಕ್ಕಿಂತ ನೀರಿನ ಮೂಲವನ್ನು ಬದಲಿಸುವುದೇ ಮೊದಲ ಕೆಲಸ. ಆರ್ಸೆನಿಕ್‌ಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ; ಆದ್ದರಿಂದ ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ, ಬಾವಿಯ ಗುರುತು ಮತ್ತು ದಿನಾಂಕ ಬರೆದು, ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು, ಆರ್ಸೆನಿಕ್ ಪರೀಕ್ಷೆಯನ್ನೇ ಹೆಸರಿಸಿ ಕೇಳಬೇಕು. ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಒಂದು ಕೊಳವೆಬಾವಿ ಶುದ್ಧವೆಂದು ತಿಳಿದರೂ ಪಕ್ಕದ್ದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಬ್ಲೀಚಿಂಗ್ ಪುಡಿಯಾಗಲಿ, ಸಾಧಾರಣ ಕ್ಯಾಂಡಲ್ ಫಿಲ್ಟರ್ ಆಗಲಿ ಇದನ್ನು ತೆಗೆಯಲಾರವು. ಕುಡಿಯಲು ಮಾತ್ರವಲ್ಲದೆ ಅನ್ನ, ಅಂಬಲಿಗೂ ಸುರಕ್ಷಿತ ನೀರನ್ನೇ ಬಳಸಬೇಕು. ಸ್ನಾನ ಮತ್ತು ಬಟ್ಟೆ ಒಗೆಯುವುದಕ್ಕೆ ಹಳೆಯ ಬಾವಿಯ ನೀರೇ ಸಾಕು, ಏಕೆಂದರೆ ಚರ್ಮದ ಮೂಲಕ ಒಳಹೋಗುವ ಪ್ರಮಾಣ ತೀರಾ ಕಡಿಮೆ.

ಗಟ್ಟಿಯಾದ ಚರ್ಮವನ್ನು ಮೃದುಗೊಳಿಸಲು ವೈದ್ಯರು ಸ್ಯಾಲಿಸಿಲಿಕ್ ಆಮ್ಲ ಅಥವಾ ಯೂರಿಯಾ ಇರುವ ಮುಲಾಮು ಕೊಡುತ್ತಾರೆ. ಗಂಟುಗಳನ್ನು ಬ್ಲೇಡಿನಿಂದ ಕೆತ್ತಬಾರದು. ನೀರು ಬದಲಾದ ಮೇಲೆ ಚುಕ್ಕೆಗಳು ನಿಧಾನವಾಗಿ ತಿಳಿಯಾಗಬಹುದು, ದಪ್ಪನೆಯ ಗಂಟುಗಳು ಮಾತ್ರ ಹಾಗೆಯೇ ಉಳಿಯುವುದುಂಟು. ಯಾವುದಾದರೂ ಗಂಟು ದಿಢೀರನೆ ಬೆಳೆದರೆ, ಒಡೆದು ರಕ್ತ ಬಂದರೆ ಅಥವಾ ವಾಸಿಯಾಗದ ಹುಣ್ಣಾದರೆ ತಡಮಾಡದೆ ಚರ್ಮವೈದ್ಯರಿಗೆ ತೋರಿಸಬೇಕು. ಅದು ಚರ್ಮದ ಕ್ಯಾನ್ಸರ್‌ನ ಆರಂಭವಾಗಿರಬಹುದು. ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್‌ನ ಅಪಾಯವೂ ಇರುವುದರಿಂದ, ಎಷ್ಟು ವರ್ಷ ಯಾವ ಬಾವಿಯ ನೀರು ಕುಡಿದಿರಿ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.