32 ಬಿಟ್ ಯುಇಎಫ್‌ಐ ಇರುವ ನೆಟ್‌ಬುಕ್ಕಿನಲ್ಲಿ 64 ಬಿಟ್ ಡೆಬಿಯನ್: ನನ್ನ ಅನುಭವ

ಆಟಂ ಝಡ್3735ಎಫ್ ಪ್ರೊಸೆಸರ್, ಬೋರ್ಡಿಗೇ ಬೆಸುಗೆ ಹಾಕಿದ 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ (ಬೋರ್ಡಿನಲ್ಲೇ ಇರುವ ಡಿಸ್ಕ್). 2014ರ ನಂತರ ವಿಂಡೋಸ್ 8.1ರೊಂದಿಗೆ ಮಾರಾಟವಾದ ಈ ಬಗೆಯ ನೆಟ್‌ಬುಕ್ಕುಗಳನ್ನು ಬಿಚ್ಚಿ ನೋಡಿದವರಿಗೆ ಇವುಗಳ ತೊಡಕು ಏನೆಂಬುದು ಗೊತ್ತೇ ಇದೆ: ಪ್ರೊಸೆಸರ್ 64 ಬಿಟ್‌ನದು, ಅದನ್ನು ಎಬ್ಬಿಸುವ ಫರ್ಮ್‌ವೇರ್ (ಯುಇಎಫ್‌ಐ) ಮಾತ್ರ 32 ಬಿಟ್‌ನದು, ಹಳೆಯ ಬಯೋಸ್ ರೀತಿಯಲ್ಲಿ ಬೂಟ್ ಮಾಡುವ ಆಯ್ಕೆ ಸೆಟಪ್‌ನಲ್ಲಿ ಇರುವುದೇ ಇಲ್ಲ. ನನ್ನ ಬಳಿಯಿದ್ದ ಇಂಥದ್ದೊಂದಕ್ಕೆ 64 ಬಿಟ್ ಲಿನಕ್ಸ್ ಹಾಕುತ್ತೇನೆಂದು ನಾನು ಹೇಳಿದಾಗ, ಈ ಕೆಲಸದಲ್ಲಿ ನನಗಿಂತ ಪಳಗಿದ ಇಬ್ಬರು ಗೆಳೆಯರಲ್ಲಿ ಒಬ್ಬರು "32 ಬಿಟ್ ಹಾಕಿಕೊಂಡು ಸುಮ್ಮನಿರಿ" ಎಂದರು. ಇನ್ನೊಬ್ಬರು ಚಾರ್ಜರನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕಲು ಹೇಳಿದರು. ಆ ಯಂತ್ರ ವರ್ಷಕ್ಕೂ ಮೇಲ್ಪಟ್ಟು ನನ್ನ ಬರವಣಿಗೆ, ಮೇಲ್, ದೂರದ ಸರ್ವರ್‌ಗಳ ನಿರ್ವಹಣೆ ಎಲ್ಲವನ್ನೂ ನಿಭಾಯಿಸುತ್ತಿದೆ. ಗುಜರಿಯ ಸಲಹೆ ಕೊಟ್ಟವರು ತಮ್ಮ ಕಪಾಟಿನಲ್ಲಿದ್ದ ಅಂಥದ್ದೇ ಒಂದನ್ನು ಈಗ ನನ್ನ ಮೇಜಿನ ಮೇಲೆ ತಂದಿಟ್ಟಿದ್ದಾರೆ.

32 ಬಿಟ್ ಏಕೆ ಬೇಡವೆಂದರೆ, ಆ ದಾರಿ ಮುಚ್ಚುತ್ತಾ ಬಂದಿದೆ. ಲಿನಕ್ಸ್‌ನ ವಿತರಣೆಗಳಲ್ಲಿ (ಬಗೆಗಳಲ್ಲಿ) ಒಂದಾದ ಉಬುಂಟು 17.10ರಿಂದಲೇ 32 ಬಿಟ್ ಡೆಸ್ಕ್‌ಟಾಪ್ ಇಮೇಜ್ (ಇನ್‌ಸ್ಟಾಲ್ ಮಾಡಲು ಪೆನ್‌ಡ್ರೈವ್‌ಗೆ ಹಾಕುವ ಕಡತ) ಕೊಡುವುದನ್ನು ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ ಎಂಬ ವಿತರಣೆಯ 13ನೆಯ ಆವೃತ್ತಿಯಲ್ಲಿ ಐ386ಕ್ಕೆ, ಅಂದರೆ 32 ಬಿಟ್ ಪಿಸಿಗಳಿಗೆ, ಇನ್‌ಸ್ಟಾಲರ್ ಕೂಡ ಇಲ್ಲ, ಕರ್ನಲ್ (ವ್ಯವಸ್ಥೆಯ ತಿರುಳು) ಕೂಡ ಇಲ್ಲ. 32 ಬಿಟ್‌ನಲ್ಲಿ ಮೆಮೊರಿ ಸ್ವಲ್ಪ ಉಳಿಯುತ್ತದೆ ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಬ್ರೌಸರ್ ತೆರೆದಾಗ ನನಗೆ ಕಂಡ ವ್ಯತ್ಯಾಸ 150ರಿಂದ 200 ಎಂಬಿ ಇದ್ದಿರಬಹುದು. ಆ ಉಳಿತಾಯವನ್ನು ಬೇರೆ ಕಡೆಯಿಂದ ಗಳಿಸಲು ಸಾಧ್ಯವಿರುವಾಗ, ಮುಂದೆ ನವೀಕರಣವೇ ಸಿಗದ ವ್ಯವಸ್ಥೆಯನ್ನು ಹಾಕಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಕರ್ನಲ್‌ನ ಕಡೆಯಿಂದ ಅಡ್ಡಿ ಏನೂ ಇಲ್ಲ. 32 ಬಿಟ್ ಫರ್ಮ್‌ವೇರ್‌ನ ಮೇಲೆ 64 ಬಿಟ್ ಕರ್ನಲ್ ಏಳುವ ಮಿಶ್ರ ವಿಧಾನ 2014ರಲ್ಲಿ, 3.15ನೆಯ ಆವೃತ್ತಿಯಲ್ಲಿಯೇ ಬಂದಿದೆ. ಅಡ್ಡಿ ಇರುವುದು ಪೆನ್‌ಡ್ರೈವ್‌ನಲ್ಲಿ. ಈ ಫರ್ಮ್‌ವೇರ್ ಇಎಫ್‌ಐ ಫೋಲ್ಡರ್‌ನ ಬೂಟ್ ಎಂಬ ಒಳಫೋಲ್ಡರ್‌ನಲ್ಲಿ ಬೂಟ್‌ಐಎ32.ಇಎಫ್‌ಐ ಎಂಬ ಕಡತವನ್ನು ಮಾತ್ರ ಹುಡುಕುತ್ತದೆ, ಹೆಚ್ಚಿನ 64 ಬಿಟ್ ಇಮೇಜ್‌ಗಳಲ್ಲಿ ಇರುವುದು ಬೂಟ್‌ಎಕ್ಸ್64.ಇಎಫ್‌ಐ ಒಂದೇ. ಹೀಗಾಗಿ ಪೆನ್‌ಡ್ರೈವ್ ಬೂಟ್ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಆ ಕಡತವನ್ನು ಬೇರೆಡೆಯಿಂದ ತಂದು ಹಾಕಿದರೆ ಸಾಕು ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ನಾನು ಪ್ರಯತ್ನಿಸಿದ ವಿತರಣೆಗಳಲ್ಲಿ ಕೆಲವು ಅದರಿಂದ ಏಳಲೇ ಇಲ್ಲ, ಏಕೆಂದರೆ ತಂದು ಹಾಕಿದ ಗ್ರಬ್ ಎಂಬ ಬೂಟ್‌ಲೋಡರ್ (ಕರ್ನಲನ್ನು ಎಬ್ಬಿಸುವ ಪ್ರೋಗ್ರಾಂ) ತನ್ನ ಸಂರಚನಾ ಕಡತವನ್ನು ಬೇರಾವುದೋ ಫೋಲ್ಡರ್‌ನಲ್ಲಿ ಹುಡುಕುತ್ತಿತ್ತು. ಎದ್ದವುಗಳ ವರ್ತನೆ ಇನ್ನೂ ಕಿರಿಕಿರಿಯದು. ಅರ್ಧ ಗಂಟೆ ಕಡತಗಳನ್ನೆಲ್ಲ ನಕಲು ಮಾಡಿ, ಬಳಕೆದಾರನ ಹೆಸರು, ಪಾಸ್‌ವರ್ಡ್ ಎಲ್ಲ ಕೇಳಿ, ಕೊನೆಯ ಹಂತದಲ್ಲಿ 64 ಬಿಟ್ ಗ್ರಬ್ಬನ್ನು ಹಾಕಲು ಹೋಗಿ ಸೋತು, ಬೂಟ್‌ಲೋಡರ್ ಇಲ್ಲದ ವ್ಯವಸ್ಥೆಯೊಂದನ್ನು ಡಿಸ್ಕಿನಲ್ಲಿ ಬಿಟ್ಟು ಹೊರಡುತ್ತಿದ್ದವು.

ಕೊನೆಗೆ ಕೈಹಿಡಿದದ್ದು ಡೆಬಿಯನ್ 12ರ 64 ಬಿಟ್ ನೆಟ್‌ಇನ್‌ಸ್ಟ್ ಇಮೇಜ್ (ಉಳಿದದ್ದನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುವ ಚಿಕ್ಕ ಇಮೇಜ್). ಡೆಬಿಯನ್‌ನ ಇನ್‌ಸ್ಟಾಲರ್ 8ನೆಯ ಆವೃತ್ತಿಯಿಂದಲೂ ಈ ಮಿಶ್ರ ವಿಧಾನವನ್ನು ಬೆಂಬಲಿಸುತ್ತದೆ. ಮೆನುವಿನಲ್ಲಿ ಎಕ್ಸ್‌ಪರ್ಟ್ ಮೋಡನ್ನು ಆರಿಸಿಕೊಳ್ಳಬೇಕು. ಫರ್ಮ್‌ವೇರ್‌ನ ಅಗಲ ಎಷ್ಟೆಂಬುದನ್ನು ಕರ್ನಲ್ ತನ್ನ ಮಾಹಿತಿಯನ್ನು ಕಡತಗಳಂತೆ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ, ಎಫ್‌ಡಬ್ಲ್ಯು ಪ್ಲಾಟ್‌ಫಾರ್ಮ್ ಸೈಜ್ ಎಂಬ ಪುಟ್ಟ ಕಡತದಲ್ಲಿ ಬರೆದಿಟ್ಟಿರುತ್ತದೆ. ಅದರಲ್ಲಿ 32 ಎಂದಿದ್ದರೆ ಇನ್‌ಸ್ಟಾಲರ್ ತಾನಾಗಿಯೇ ಗ್ರಬ್-ಇಎಫ್‌ಐ-ಐಎ32 ಪ್ಯಾಕೇಜನ್ನು ಹಾಕುತ್ತದೆ. ಎಕ್ಸ್‌ಪರ್ಟ್ ಮೋಡ್ ಏಕೆ ಬೇಕೆಂದರೆ, ಅದರ ಕೊನೆಯಲ್ಲಿ ಗ್ರಬ್ಬನ್ನು ರಿಮೂವಬಲ್ ಮಾಧ್ಯಮದ ಹಾದಿಯಲ್ಲಿಯೂ ಇರಿಸಬೇಕೇ ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಹೌದು ಎನ್ನಲೇಬೇಕು. ಈ ಯಂತ್ರಗಳ ಫರ್ಮ್‌ವೇರ್ ಬೂಟ್ ನಮೂದುಗಳನ್ನು ಮರೆಯುವುದರಲ್ಲಿ ನಿಸ್ಸೀಮ. ಬ್ಯಾಟರಿ ಪೂರ್ತಿ ಬರಿದಾದರೆ ಡೆಬಿಯನ್ ಎಂಬ ಹೆಸರೇ ಪಟ್ಟಿಯಿಂದ ಹಾರಿಹೋಗುತ್ತದೆ, ಬೂಟ್‌ಐಎ32.ಇಎಫ್‌ಐ ತನ್ನ ಜಾಗದಲ್ಲಿದ್ದರೆ ಮಾತ್ರ ಯಂತ್ರ ಏಳುತ್ತದೆ.

ಇದೇ ಪೆನ್‌ಡ್ರೈವ್ ಇನ್ನೊಂದು ಉಪಕಾರಕ್ಕೂ ಬಂತು. ಬೂಟ್‌ಲೋಡರ್ ಇಲ್ಲದೆ ಅರ್ಧಕ್ಕೆ ನಿಂತ ಯಾವ ವಿತರಣೆಯನ್ನಾದರೂ ಇದರ ಗ್ರಬ್ ಮೆನುವಿನಲ್ಲಿ ಸಿ ಕೀಲಿ ಒತ್ತಿ ಎಬ್ಬಿಸಬಹುದು. ಎಲ್‌ಎಸ್ ಎಂದು ಬರೆದರೆ ಹೆಚ್‌ಡಿ0, ಹೆಚ್‌ಡಿ1 ಎಂದು ಡಿಸ್ಕುಗಳು ಸಾಲಾಗಿ ಬರುತ್ತವೆ. ಒಂದೊಂದರ ಒಳಗನ್ನೂ ನೋಡಿ ವಿಎಂಲಿನಜ್ (ಕರ್ನಲ್ ಕಡತ) ಇರುವ ವಿಭಾಗವನ್ನು ಗುರುತಿಸಿ, ಅದನ್ನು ರೂಟ್ ಎಂದು ಹೇಳಿ, ಲಿನಕ್ಸ್ ಸಾಲು, ಇನಿಟ್‌ಆರ್‌ಡಿ ಸಾಲು, ಬೂಟ್, ಇಷ್ಟೇ ಕೆಲಸ. ಒಂದು ಎಚ್ಚರಿಕೆ: ಎಸ್‌ಡಿ ಕಾರ್ಡ್ ಹಾಕಿದ್ದರೆ ಒಳಗಿನ ಇಎಂಎಂಸಿ ಒಮ್ಮೆ ಎಂಎಂಸಿಬಿಎಲ್‌ಕೆ0 ಆಗಿಯೂ ಮತ್ತೊಮ್ಮೆ ಎಂಎಂಸಿಬಿಎಲ್‌ಕೆ1 ಆಗಿಯೂ ಬರುತ್ತದೆ. ಬೂಟ್ ಆಗುವಾಗ ಯಾವ ವಿಭಾಗ ಎಲ್ಲಿ ಸೇರಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಯುಯುಐಡಿಯ (ವಿಭಾಗದ ಬದಲಾಗದ ಗುರುತು) ಹೊರತು ಬೇರೇನನ್ನೂ ಬರೆಯಬಾರದು.

ವೈಫೈ ವಿಷಯಕ್ಕೆ ಬಂದರೆ, ವಿಂಡೋಸನ್ನು ಅಳಿಸುವ ಮೊದಲೇ ಇಡೀ ಇಎಂಎಂಸಿಯ ಪ್ರತಿಯನ್ನು ಡಿಡಿ ಎಂಬ ಆಜ್ಞೆಯಿಂದ ತೆಗೆದು ಹೊರಗಿನ ಡಿಸ್ಕಿನಲ್ಲಿ ಇಟ್ಟುಕೊಂಡದ್ದು ನನ್ನ ಇಡೀ ಪ್ರಯತ್ನದಲ್ಲಿ ಅತ್ಯಂತ ಲಾಭದ ಕೆಲಸ. ಸಂಕೋಚಿಸಿದ ಮೇಲೆ ಅದು ಸುಮಾರು 12 ಜಿಬಿ ಆಯಿತು. ಇಲ್ಲಿನ ವೈಫೈ ಚಿಪ್ ಯುಎಸ್‌ಬಿಯಲ್ಲಾಗಲಿ ಪಿಸಿಐಯಲ್ಲಾಗಲಿ ಕೂತಿಲ್ಲ, ಎಸ್‌ಡಿಐಒ ಎಂಬ ಬಸ್‌ನ ಮೇಲೆ ಕೂತಿದೆ. ಪಿಸಿಐ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಎಷ್ಟು ಸಲ ಬರೆದರೂ ಅದು ಕಾಣಿಸುವುದಿಲ್ಲ. ಬಿಆರ್‌ಸಿಎಂ-ಎಫ್‌ಮ್ಯಾಕ್ ಡ್ರೈವರ್ ಅದನ್ನು ಗುರುತಿಸುತ್ತದೆ, ಚಿಪ್‌ನ ಫರ್ಮ್‌ವೇರ್ ಡೆಬಿಯನ್ 12ರ ಇಮೇಜಿನಲ್ಲಿಯೇ ಬರುತ್ತದೆ, ಆದರೂ ವೈಫೈ ಏಳುವುದಿಲ್ಲ. ಡಿಮೆಸೆಜ್ (ಕರ್ನಲ್‌ನ ಸಂದೇಶಗಳು) ಓದಿದರೆ ಕಾರಣ ತಿಳಿಯುತ್ತದೆ: ಟಿಎಕ್ಸ್‌ಟಿ ಎಂದು ಕೊನೆಗೊಳ್ಳುವ ಒಂದು ಕಡತ ಸಿಗಲಿಲ್ಲ, ದೋಷ -2. ಇದು ಆಯಾ ಬೋರ್ಡಿನ ಆಂಟೆನಾ, ಶಕ್ತಿಯ ಮಟ್ಟ ಮುಂತಾದ ಹೊಂದಾಣಿಕೆಗಳಿರುವ ಎನ್‌ವಿರ‍್ಯಾಮ್ ಕಡತ. ಕೆಲವು ಯಂತ್ರಗಳಲ್ಲಿ ಇದು ಯುಇಎಫ್‌ಐ ವೇರಿಯಬಲ್ಲಿನಲ್ಲಿ ಅಡಗಿರುತ್ತದೆ. ಹೊಸ ಕರ್ನಲ್‌ಗಳು ಅಲ್ಲಿಂದ ತಾವೇ ಓದಿಕೊಳ್ಳುತ್ತವೆ. ನನ್ನದರಲ್ಲಿ ಇದ್ದದ್ದು ವಿಂಡೋಸ್‌ನ ಸಿಸ್ಟಮ್32 ಒಳಗಿನ ಡ್ರೈವರ್ಸ್ ಫೋಲ್ಡರ್‌ನಲ್ಲಿ. ಡಿಡಿ ಪ್ರತಿಯನ್ನು ಡಿಸ್ಕಿನಂತೆ ತೆರೆದು, ಹೆಸರಿನಲ್ಲಿ ಎನ್‌ವಿರ‍್ಯಾಮ್ ಎಂದಿರುವ ಆ ಕಡತವನ್ನು ತೆಗೆದು, ಡಿಮೆಸೆಜ್ ಕೇಳಿದ ಹೆಸರನ್ನೇ ಅಕ್ಷರ ಬಿಡದೆ ಕೊಟ್ಟು ಫರ್ಮ್‌ವೇರ್ ಫೋಲ್ಡರ್‌ಗೆ ಹಾಕಿದ ಮೇಲೆ ಮಾಡ್ಯೂಲನ್ನು (ಡ್ರೈವರನ್ನು) ಇಳಿಸಿ ಏರಿಸಿದರೆ ಸಾಕಾಯಿತು. ವಿಂಡೋಸನ್ನು ಅಳಿಸಿ ಕೂತವರು ಅದೇ ಮಾದರಿಯ ಯಂತ್ರ ಇರುವವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಅಲ್ಲಿಯವರೆಗೆ ಇನ್‌ಸ್ಟಾಲ್ ಮಾಡಲು ಬೇಕಾದ ಇಂಟರ್‌ನೆಟ್ಟಿಗೆ ಆಂಡ್ರಾಯ್ಡ್ ಫೋನಿನ ಯುಎಸ್‌ಬಿ ಟೆದರಿಂಗ್ ಸಾಕು. ಇನ್‌ಸ್ಟಾಲರ್ ಅದನ್ನು ತಂತಿಯ ಜಾಲದಂತೆಯೇ ಕಾಣುತ್ತದೆ. ಇದು ತಿಳಿಯುವ ಮೊದಲು ಕೊಂಡ ಯುಎಸ್‌ಬಿ ವೈಫೈ ಡಾಂಗಲ್ ಈಗ ಡ್ರಾಯರಿನಲ್ಲಿದೆ.

ಸದ್ದಿನ ಕತೆ ಚಿಕ್ಕದು. ಇಂಟೆಲ್ ಧ್ವನಿ ಯಂತ್ರಾಂಶದ ಎಸ್‌ಎಸ್‌ಟಿ ಫರ್ಮ್‌ವೇರ್ ಪ್ಯಾಕೇಜ್ ಹಾಗೂ ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಅಲ್ಸಾದ ಯುಸಿಎಂ ಸಂರಚನೆ ಎರಡೂ ಇದ್ದರೆ ಸ್ಪೀಕರ್ ಮಾತಾಡುತ್ತದೆ, ಮೊದಲ ಕಾರ್ಡ್ ಆಗಿ ಹೆಚ್‌ಡಿಎಂಐ ಕೂತಿದ್ದರೆ ಅದನ್ನು ಕೆಳಗಿಳಿಸಬೇಕು, ಅಷ್ಟೇ.

ನಿಜವಾಗಿ ತಾಳ್ಮೆ ಪರೀಕ್ಷಿಸಿದ್ದು ಯಂತ್ರ ಇದ್ದಕ್ಕಿದ್ದಂತೆ ಸ್ತಬ್ಧವಾಗುವ ಕಾಯಿಲೆ. ಮೌಸ್ ಬಾಣ ನಿಂತಲ್ಲಿಯೇ ನಿಲ್ಲುತ್ತದೆ, ಗಡಿಯಾರ ನಿಲ್ಲುತ್ತದೆ, ಬೇರೆ ಯಂತ್ರದಿಂದ ಎಸ್‌ಎಸ್‌ಹೆಚ್ ಮೂಲಕ ಕೇಳಿದರೂ ಉತ್ತರವಿಲ್ಲ, ಮರುಬೂಟ್ ಮಾಡಿದ ಮೇಲೆ ಜರ್ನಲ್‌ನಲ್ಲಿ (ವ್ಯವಸ್ಥೆಯ ದಾಖಲೆಯಲ್ಲಿ) ಒಂದು ಸಾಲೂ ಇರುವುದಿಲ್ಲ. ಈ ಪ್ರೊಸೆಸರ್ ಸೇರಿದ ಬೇ ಟ್ರೇಲ್ ಪೀಳಿಗೆಗೆ ಈ ದೂರು ಹಳೆಯದು, ಅದಕ್ಕೆ ಎಲ್ಲರೂ ಹೇಳುವ ಮದ್ದು ಕರ್ನಲ್ ಸಾಲಿನಲ್ಲಿ ಇಂಟೆಲ್ ಐಡಲ್‌ನ ಗರಿಷ್ಠ ಸಿ-ಸ್ಟೇಟನ್ನು (ಪ್ರೊಸೆಸರಿನ ನಿದ್ದೆಯ ಹಂತ) 1ಕ್ಕೆ ಕಟ್ಟಿಹಾಕುವುದು. ಅದರಿಂದ ಸ್ತಬ್ಧವಾಗುವುದು ನಿಂತಿತು, ಜೊತೆಗೆ ಬ್ಯಾಟರಿಯೂ ಕುಸಿಯಿತು: ಏಳು ಗಂಟೆಗೆ ಹತ್ತಿರ ಬರುತ್ತಿದ್ದದ್ದು ಐದಕ್ಕೂ ಎಟುಕಲಿಲ್ಲ, ತಳಭಾಗ ಸದಾ ಬೆಚ್ಚಗಿರುತ್ತಿತ್ತು. ಒಂದು ಪ್ರೊಸೆಸರ್ ನಿದ್ದೆ ಮಾಡದಂತೆ ಸದಾ ಎಚ್ಚರವಾಗಿಡುವುದನ್ನು ಪರಿಹಾರವೆಂದು ಒಪ್ಪಲು ನನಗೆ ಮನಸ್ಸಾಗಲಿಲ್ಲ. ಈ ಚಿಪ್‌ಗೆ ಸಿ1, ಸಿ6ಎನ್, ಸಿ6ಎಸ್, ಸಿ7, ಸಿ7ಎಸ್ ಎಂಬ ಹಂತಗಳಿವೆ. ತೊಂದರೆ ಕೊಡುವುದು ಸಿ6ರ ಎರಡು ಹಂತಗಳು ಮಾತ್ರ ಎಂದು ಕೆಲವರು ಮೊದಲೇ ಕಂಡುಕೊಂಡಿದ್ದರು. ಸಿಸ್‌ಎಫ್‌ಎಸ್‌ನಲ್ಲಿ ಪ್ರತಿ ಕೋರ್‌ನ ಸಿಪಿಯು-ಐಡಲ್ ಫೋಲ್ಡರ್‌ಗೆ ಹೋಗಿ, ಹೆಸರು ಸಿ6 ಎಂದು ಆರಂಭವಾಗುವ ಹಂತಗಳ ಡಿಸೇಬಲ್ ಕಡತಕ್ಕೆ 1 ಬರೆದು, ಸಿ7ರವನ್ನು ಮುಟ್ಟದೆ ಬಿಟ್ಟೆ. ನಾಲ್ಕು ಕೋರ್‌ಗಳಿಗೂ ಇದನ್ನು ಮಾಡುವ ಐದಾರು ಸಾಲಿನ ಸ್ಕ್ರಿಪ್ಟನ್ನು ಸಿಸ್ಟಮ್‌ಡಿ ಸೇವೆಯಾಗಿ ಬೂಟ್‌ನಲ್ಲಿ ಓಡಿಸಿದ ಮೇಲೆ ಯಂತ್ರ ಸ್ತಬ್ಧವಾದದ್ದಿಲ್ಲ, ಬ್ಯಾಟರಿ ಆರೂವರೆ ಗಂಟೆಯ ಆಸುಪಾಸಿಗೆ ಮರಳಿತು. 32 ಬಿಟ್ ಹಾಕಿ ಎಂದ ಗೆಳೆಯರು ಇದನ್ನು ಕೇಳಿ ಮೊದಲು ನಂಬಲಿಲ್ಲ. ಒಂದು ವಾರ ಯಂತ್ರವನ್ನು ಅವರ ಕೈಯಲ್ಲೇ ಕೊಟ್ಟೆ.

ಮೆಮೊರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹಗುರವಾದ ಡೆಸ್ಕ್‌ಟಾಪ್ ಯಾವುದೆಂದು ಹುಡುಕುವುದರಲ್ಲಿ ಜನ ಹೆಚ್ಚು ಹೊತ್ತು ಕಳೆಯುತ್ತಾರೆ. ಎಕ್ಸ್‌ಎಫ್‌ಸಿಇ ಸುಮ್ಮನಿರುವಾಗ 400 ಎಂಬಿಯ ಹತ್ತಿರ, ಐಸ್‌ಡಬ್ಲ್ಯುಎಂ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತಿದ್ದವು. ಬ್ರೌಸರಿನಲ್ಲಿ ಎರಡು ಪುಟ ತೆರೆಯುತ್ತಲೇ ಆ ಅಂತರಕ್ಕೆ ಬೆಲೆ ಉಳಿಯುವುದಿಲ್ಲ. ಕೆಲಸಕ್ಕೆ ಬಂದದ್ದು, ಸ್ವಾಪನ್ನು (ಮೆಮೊರಿ ಸಾಲದಾಗ ಬಳಸುವ ಜಾಗ) ಮೆಮೊರಿಯಲ್ಲಿಯೇ ಸಂಕೋಚಿಸಿ ಇಡುವ ಝಡ್‌ರ‍್ಯಾಮ್. ಝಡ್‌ಎಸ್‌ಟಿಡಿ ಸಂಕೋಚನದಲ್ಲಿ ಸುಮಾರು 2 ಜಿಬಿ ಗಾತ್ರ ಕೊಟ್ಟು, ಪೇಜ್ ಕ್ಲಸ್ಟರನ್ನು (ಸ್ವಾಪ್‌ನಿಂದ ಒಮ್ಮೆಗೆ ಓದುವ ಪ್ರಮಾಣ) 0ಗೆ ಇಳಿಸಿ, ಸ್ವಾಪಿನೆಸ್ಸನ್ನು (ಸ್ವಾಪ್ ಬಳಸುವ ಒಲವು) 100ರ ಮೇಲಕ್ಕೆ ಏರಿಸಿದೆ, 5.8ರಿಂದೀಚಿನ ಕರ್ನಲ್‌ಗಳು 200ರವರೆಗೂ ಒಪ್ಪುತ್ತವೆ. ಇಎಂಎಂಸಿಯ ಮೇಲೆ ಸ್ವಾಪ್ ಇಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಅದು ನಿಧಾನ, ಅದಕ್ಕಿಂತ ಮುಖ್ಯವಾಗಿ ಆ ಚಿಪ್ ಸತ್ತರೆ ಬದಲಿಸಲು ಬಾರದು. ಜೊತೆಗೆ ಅರ್ಲಿಊಮ್ ಎಂಬ ಕಾವಲು ಪ್ರೋಗ್ರಾಂ ಇದ್ದರೆ ಮೆಮೊರಿ ಮುಗಿಯುವ ಹೊತ್ತಿಗೆ ಬ್ರೌಸರಿನ ಒಂದು ಪುಟ ಸಾಯುತ್ತದೆ, ಯಂತ್ರ ಉಳಿಯುತ್ತದೆ. ಸ್ವಾಪಿನೆಸ್ಸಿಗೆ ನಾನು ಕೊಟ್ಟ ನಿಖರವಾದ ಅಂಕಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಅವರವರ ಬಳಕೆಗೆ ತಕ್ಕಂತೆ ಬದಲಾಗುತ್ತದೆ, ಒಂದು ಸಂಜೆ ಕೂತು ಹುಡುಕಿಕೊಂಡರೆ ಯಂತ್ರದ ಸ್ವಭಾವವೂ ತಿಳಿಯುತ್ತದೆ.

ಇದರ ನಡುವೆ ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಒಂದು ಪ್ರಯೋಗಕ್ಕೂ ಕೈ ಹಾಕಿದೆ. 29 ಜಿಬಿಯಷ್ಟೇ ಕೈಗೆ ಸಿಗುವ ಡಿಸ್ಕಿನಲ್ಲಿ ಸಂಕೋಚನ ಆಕರ್ಷಕವಾಗಿಯೇ ಕಾಣುತ್ತದೆ. 6 ಜಿಬಿಯಷ್ಟಿದ್ದ ವ್ಯವಸ್ಥೆ 4ರ ಹತ್ತಿರಕ್ಕೆ ಇಳಿಯಿತು, ದೊಡ್ಡ ಪ್ರೋಗ್ರಾಂಗಳು ತುಸು ಬೇಗ ತೆರೆದವು ಎಂದೂ ಅನಿಸಿತು. ಆದರೆ ಎಪಿಟಿ (ಡೆಬಿಯನ್‌ನ ಪ್ಯಾಕೇಜ್ ನಿರ್ವಾಹಕ) ಪ್ಯಾಕೇಜುಗಳನ್ನು ಬಿಚ್ಚುವಾಗ ಪ್ರತಿ ಕಡತಕ್ಕೂ ಎಫ್‌ಸಿಂಕ್ (ತಕ್ಷಣ ಡಿಸ್ಕಿಗೆ ಬರೆಯುವುದು) ಕೇಳಿ ಕೇಳಿ, ಮಾಮೂಲಿ ಇಎಕ್ಸ್‌ಟಿ4ರಲ್ಲಿ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ನವೀಕರಣ ಅರ್ಧ ಗಂಟೆ ದಾಟಿತು. ಎಫ್‌ಸಿಂಕನ್ನು ಕಡೆಗಣಿಸುವ ಈಟ್‌ಮೈಡೇಟಾ ("ನನ್ನ ಡೇಟಾ ತಿನ್ನು") ಹಾಕಿ ಓಡಿಸಿದರೆ ವೇಗ ಬರುತ್ತದೆ, ನಡುವೆ ಬ್ಯಾಟರಿ ಹೋದರೆ ಏನಾಗುತ್ತದೆಂಬುದು ಅದರ ಹೆಸರಿನಲ್ಲಿಯೇ ಇದೆ. ಇಎಕ್ಸ್‌ಟಿ4ಕ್ಕೇ ಮರಳಿದೆ, ಕಡತ ಓದಿದ ಸಮಯವನ್ನು ಬರೆದಿಡದಂತೆ ನೋಏಟೈಮ್ ಸೇರಿಸಿದೆ.

ವಿಡಿಯೊ ನೋಡುವವರಿಗೆ ಒಂದು ಮಾತು. ಈ ಗ್ರಾಫಿಕ್ಸ್‌ನ ಯಂತ್ರಾಂಶ ಹೆಚ್.264 ಎಂಬ ವಿಡಿಯೊ ಸಂಕೋಚನದ ಬಗೆಯನ್ನು ಬಿಡಿಸಬಲ್ಲದು, ವಿಪಿ9 ಅಥವಾ ಎವಿ1 ಇದಕ್ಕೆ ತಿಳಿಯದು. ಯೂಟ್ಯೂಬ್ ತಾನಾಗಿ ಕೊಡುವುದು ಹೆಚ್ಚಾಗಿ ಆ ತಿಳಿಯದ ಬಗೆಗಳನ್ನೇ. ಐ965 ವಿಎ ಡ್ರೈವರನ್ನು ಹಾಕಿ, ಬ್ರೌಸರಿನಲ್ಲಿ ಹೆಚ್.264ನ್ನೇ ಕೇಳುವಂತೆ ಮಾಡುವ ಎಕ್ಸ್‌ಟೆನ್ಷನ್ ಸೇರಿಸಿದರೆ, ಇಲ್ಲವೇ ಕೊಂಡಿಯನ್ನು ಎಂಪಿವಿ ಎಂಬ ಪ್ಲೇಯರಿಗೆ ಕೊಟ್ಟರೆ, 720ಪಿ ತಡವರಿಸದೆ ಓಡುತ್ತದೆ.

ಹಣದ ಲೆಕ್ಕ ಹೇಳುವುದಾದರೆ, ಈ ಯಂತ್ರಕ್ಕೆ ನಾನು ಸುರಿದದ್ದು ಅದನ್ನು ಮಾರಿದರೆ ಬರುವುದಕ್ಕಿಂತ ಸ್ವಲ್ಪ ಕಡಿಮೆ. ಅದರಲ್ಲಿ ಸುಮಾರು ಅರ್ಧ ವ್ಯರ್ಥವಾದದ್ದು: ಡಾಂಗಲ್, ಮತ್ತು ಹೋಮ್ ವಿಭಾಗವನ್ನು ಇಡಲೆಂದು ಕೊಂಡು ಕೆಲವೇ ತಿಂಗಳಲ್ಲಿ ಓದಲು ಮಾತ್ರ ಒಪ್ಪುವ ಸ್ಥಿತಿಗೆ ಬಂದ ಅಗ್ಗದ ಎಸ್‌ಡಿ ಕಾರ್ಡ್. ಕೊಟ್ಟ ಹಣ ಸಾರ್ಥಕವಾದದ್ದು ಪ್ರತ್ಯೇಕ ವಿದ್ಯುತ್ ಇರುವ ಯುಎಸ್‌ಬಿ ಹಬ್ಬಿನಿಂದ. ಇನ್‌ಸ್ಟಾಲ್ ಮಾಡುವಾಗ ಪೆನ್‌ಡ್ರೈವ್, ಫೋನ್, ಕೀಬೋರ್ಡ್ ಮೂರೂ ಒಟ್ಟಿಗೆ ಬೇಕಾಗುತ್ತವೆ. ಹೊಸ ಬ್ಯಾಟರಿಯ ಬೆಲೆ ವಿಚಾರಿಸಿ, ಯಂತ್ರದ ಬೆಲೆಗಿಂತ ಹೆಚ್ಚೆಂದು ತಿಳಿದು ಬಿಟ್ಟುಬಿಟ್ಟೆ.

ಇನ್ನೂ ಪೂರ್ತಿ ಸರಿಯಾಗದಿರುವುದು ನಿದ್ರಾಸ್ಥಿತಿ. ಇದರಲ್ಲಿ ಎಸ್3 (ಆಳವಾದ ನಿದ್ರೆ) ಇಲ್ಲ, ಇರುವುದು ಎಸ್2ಐಡಲ್ (ಹಗುರವಾದ ನಿದ್ರೆ) ಒಂದೇ. ಮುಚ್ಚಳ ಮುಚ್ಚಿಟ್ಟರೆ ರಾತ್ರಿ ಕಳೆಯುವುದರಲ್ಲಿ ಐದನೇ ಒಂದು ಭಾಗ ಬ್ಯಾಟರಿ ಹೋಗಿರುತ್ತದೆ. ಎದ್ದ ಮೇಲೆ ವೈಫೈ ಮಾಯವಾಗುತ್ತಿದ್ದದ್ದನ್ನು ಮಾತ್ರ ಸರಿಪಡಿಸಿದ್ದೇನೆ: ಮಲಗುವ ಮುನ್ನ ಮಾಡ್ಯೂಲುಗಳನ್ನು ಇಳಿಸಿ, ಎದ್ದ ಮೇಲೆ ಏರಿಸಬೇಕು. ಯಾವುದರ ನಂತರ ಯಾವುದು, ನಡುವೆ ಎಷ್ಟು ಸೆಕೆಂಡು ಎಂಬುದು ನನ್ನ ಸ್ಕ್ರಿಪ್ಟಿನ ಒಳಗುಟ್ಟು. ರಾತ್ರಿ ಹೊತ್ತು ಪೂರ್ತಿ ಆರಿಸಿಬಿಡುವುದೇ ಈಗಿನ ಅಭ್ಯಾಸ, ಬೂಟ್ ಆಗಲು 30 ಸೆಕೆಂಡಿನ ಮೇಲೆ ಹಿಡಿಯುವುದಿಲ್ಲ.

ಹೊಸ ಕರ್ನಲ್ ಬಂದಾಗ ಹಳೆಯದೊಂದನ್ನು ಉಳಿಸಿಕೊಂಡೇ ಮುಂದುವರಿಯುತ್ತೇನೆ, ಮೊದಲ ಬೂಟ್‌ನಲ್ಲಿಯೇ ಸಿ6 ಸೇವೆ ಓಡಿದೆಯೇ, ವೈಫೈ ಕಡತದ ಹೆಸರು ಬದಲಾಗಿದೆಯೇ ಎಂದು ಡಿಮೆಸೆಜ್‌ನಲ್ಲಿ ನೋಡುತ್ತೇನೆ. ಗೆಳೆಯರು ತಂದಿಟ್ಟ ಎರಡನೆಯ ಯಂತ್ರದಲ್ಲಿ ವೈಫೈ ಚಿಪ್ ಬೇರೆ, ಆರ್‌ಟಿಎಲ್8723ಬಿಎಸ್; ಅದರ ಡ್ರೈವರ್ 4.12ರಿಂದ ಕರ್ನಲ್‌ನಲ್ಲಿಯೇ ಇರುವುದರಿಂದ ಅಲ್ಲಿ ಎನ್‌ವಿರ‍್ಯಾಮ್‌ನ ರಗಳೆ ಇಲ್ಲ, ಆದರೆ ಸಿಗ್ನಲ್ ತೀರಾ ದುರ್ಬಲವಾಗಿದೆ. ಆಂಟೆನಾ ತಂತಿಯನ್ನು ಬಿಚ್ಚಿ ನೋಡುವ ಕೆಲಸ ಇನ್ನೂ ಬಾಕಿ.