ಟಿವಿ ಕೊಳ್ಳುವ ಮೊದಲು ಗೋಡೆ ತಟ್ಟಿ ನೋಡಿ

ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ ಸಾಲಾಗಿ ಉರಿಯುವ ಟಿವಿಗಳ ಎದುರು ನಿಂತರೆ ಎಲ್ಲವೂ ಚೆಂದವೇ. ಅದೇ ಟಿವಿ ಮನೆಗೆ ಬಂದಾಗ ಮುಖಗಳು ಕೆಂಪಾಗಿ ಕಾಣುವುದು, ಕಿಟಕಿಯ ಪ್ರತಿಬಿಂಬ ಪರದೆಯ ನಟ್ಟನಡುವೆ ಕೂರುವುದು, ಎರಡನೇ ಮಳೆಗಾಲಕ್ಕೆ ಎಚ್‌ಡಿಎಂಐ ಪೋರ್ಟ್ ಸಾಯುವುದು ಕರಾವಳಿಯಲ್ಲಿ ಹೊಸ ಸಂಗತಿಯೇನಲ್ಲ. ಇಲ್ಲಿ ಟಿವಿಯ ಆಯ್ಕೆ ಅಂಗಡಿಯಲ್ಲಿ ಅಲ್ಲ, ಮನೆಯಲ್ಲೇ ಶುರುವಾಗಬೇಕು. ಅಳತೆ ಟೇಪು, ಕಾಗದ, ಪೆನ್ನು ಇದ್ದರೆ ಸಾಕು.

ಹಂತ 1: ಗೋಡೆ

ಗೋಡೆ ಕೆಂಪುಕಲ್ಲಿನದೋ, ಸಿಮೆಂಟ್ ಬ್ಲಾಕಿನದೋ, ಕಾಂಕ್ರೀಟಿನದೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಉಡುಪಿ, ಮಂಗಳೂರಿನ ಹಳೆಯ ಮನೆಗಳಲ್ಲಿ ಹೆಚ್ಚಾಗಿ ಇರುವುದು ಕೆಂಪುಕಲ್ಲು. ಅದು ತೂತುತೂತಾದ ಮೆದು ಕಲ್ಲು. ಡ್ರಿಲ್ಲನ್ನು ಹ್ಯಾಮರ್ ಮೋಡಿನಲ್ಲಿಟ್ಟು ಕೊರೆದರೆ ಒಳಗೆಲ್ಲ ಪುಡಿಯಾಗಿ ರಂಧ್ರ ಬೇಕಾದ್ದಕ್ಕಿಂತ ದೊಡ್ಡದಾಗುತ್ತದೆ, ಪ್ಲಗ್ಗು ಬಿಗಿ ಹಿಡಿಯುವುದಿಲ್ಲ. ಕಾಂಕ್ರೀಟಿಗೆ ಹಾಕುವ, ಹಿಗ್ಗಿ ಹಿಡಿಯುವ ಆಂಕರ್ ಬೋಲ್ಟನ್ನು ಇಲ್ಲಿ ಬಿಗಿ ಮಾಡಿದಷ್ಟೂ ಕಲ್ಲು ಬಿರಿಯುತ್ತದೆ. ಹ್ಯಾಮರ್ ಆಫ್ ಮಾಡಿ ನಿಧಾನವಾಗಿ ಕೊರೆಯಬೇಕು, ಎರಡು ಕಲ್ಲುಗಳ ನಡುವಿನ ಗಾರೆಯ ಸಂದಿಯನ್ನು ತಪ್ಪಿಸಬೇಕು, ಸುಮಾರು 4 ಇಂಚು ಉದ್ದದ ನೈಲಾನ್ ಪ್ಲಗ್ಗು ಹಾಕಬೇಕು. 55 ಇಂಚಿಗಿಂತ ದೊಡ್ಡ ಟಿವಿಯಾದರೆ ಇನ್ನೂ ಒಳ್ಳೆಯ ದಾರಿ ಇದೆ. 18 ಮಿ.ಮೀ. ದಪ್ಪದ ಮರೀನ್ ಪ್ಲೈವುಡ್ ಹಲಗೆಯನ್ನು ಎಂಟು ಕಡೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ ಗೋಡೆಗೆ ಕೂರಿಸಿ, ಬ್ರ್ಯಾಕೆಟ್ಟನ್ನು ಆ ಹಲಗೆಗೆ ಬಿಗಿಯಿರಿ. ಭಾರ ಹಲವು ಕಲ್ಲುಗಳಿಗೆ ಹಂಚಿಹೋಗುತ್ತದೆ.

ಎಳೆದು ತಿರುಗಿಸುವ ತೋಳಿನ ಬ್ರ್ಯಾಕೆಟ್ ಕೆಂಪುಕಲ್ಲಿಗೆ ಬೇಡ. ತೋಳು ಚಾಚಿದಾಗ ಹದಿನೈದು ಕಿಲೋದ ಟಿವಿ ಮೇಲಿನ ಎರಡು ಸ್ಕ್ರೂಗಳನ್ನು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಲದಲ್ಲಿ ಕೀಳುತ್ತದೆ.

ಪಡುವಣ ಹೊರಗೋಡೆಯನ್ನು ಪಟ್ಟಿಯಿಂದಲೇ ತೆಗೆದುಹಾಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಮಳೆ ಹೊಡೆಯುವುದು ಅದಕ್ಕೇ. ಒಳಬದಿಯಲ್ಲಿ ಬಣ್ಣ ಉಬ್ಬಿದ್ದರೆ, ಬೂಷ್ಟಿನ ಕಲೆ ಇದ್ದರೆ ಅಲ್ಲಿ ಟಿವಿ ನೇತುಹಾಕಿದವರು ಮದರ್‌ಬೋರ್ಡಿಗೆ ಸ್ನಾನ ಮಾಡಿಸಿದಂತೆಯೇ. ಒಳಗೋಡೆಯಾದರೂ ಟಿವಿಗೂ ಗೋಡೆಗೂ ನಡುವೆ ಎರಡು ಇಂಚು ಗಾಳಿ ಆಡಲಿ. ಚಿತ್ರಪಟದಂತೆ ಗೋಡೆಗಂಟಿ ಕೂರುವ ಬ್ರ್ಯಾಕೆಟ್ ನೋಟಕ್ಕೆ ಚೆಂದ, ಆದರೆ ಹಿಂದಿನಿಂದ ಕೇಬಲ್ ಕಳಚಲು ಕೈ ಹೋಗುವುದಿಲ್ಲ. ಕೈ ಯಾಕೆ ಹೋಗಬೇಕು ಎಂಬುದು ಕೊನೆಯ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 2: ದೂರ ಅಳೆದು ಗಾತ್ರ

ಟಿವಿಯ ಇಂಚು ಎಂದರೆ ಮೂಲೆಯಿಂದ ಮೂಲೆಗೆ, ಅಗಲವಲ್ಲ. 43 ಇಂಚಿನ ಪರದೆಯ ಅಗಲ ಸುಮಾರು 37 ಇಂಚು, 55ರದ್ದು 48, 65ರದ್ದು 57. ಶೋಕೇಸಿನೊಳಗೆ ಇಡುವವರು ಚೌಕಟ್ಟಿಗೆ ಇನ್ನೊಂದು ಇಂಚು ಸೇರಿಸಿ, ಎರಡು ಪಕ್ಕದಲ್ಲೂ ನಾಲ್ಕು ನಾಲ್ಕು ಇಂಚು ಬಿಡಿ.

ಈಗ ಕೂರುವ ಜಾಗದಿಂದ ಗೋಡೆಗೆ ಟೇಪು ಹಿಡಿಯಿರಿ. 4ಕೆ ಚಿತ್ರವನ್ನೇ ಹೆಚ್ಚು ನೋಡುವುದಾದರೆ ಕರ್ಣದ ಒಂದೂವರೆ ಪಟ್ಟು ದೂರ ಹಿತ. 55 ಇಂಚಿಗೆ ಹತ್ತಿರಹತ್ತಿರ ಏಳು ಅಡಿ, 65ಕ್ಕೆ ಎಂಟು. ಕೇಬಲ್‌ನ ಸಾಮಾನ್ಯ ಚಾನೆಲ್ಲುಗಳೇ ಹೆಚ್ಚಾದರೆ ಎರಡು ಪಟ್ಟು ದೂರ ಬೇಕು. ಆಗ ಏಳು ಅಡಿಗೆ 43 ಇಂಚೇ ಸರಿ. ಕದ್ರಿ, ಬಿಜೈ ಕಡೆಯ ಫ್ಲ್ಯಾಟಿನ ಹಾಲಿಗೂ ಕಾರ್ಕಳದ ಹಂಚಿನ ಮನೆಯ ಚಾವಡಿಗೂ ಒಂದೇ ಉತ್ತರ ಇಲ್ಲ.

ಎತ್ತರ: ಕುಳಿತಾಗ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಮೇಲಿರುತ್ತದೆ. ಪರದೆಯ ನಡುಭಾಗ ಅಲ್ಲಿಗೇ ಬರಲಿ. ಇನ್‌ಸ್ಟಾಲೇಷನ್‌ಗೆ ಬಂದವರು ನಿಂತ ಕಣ್ಣಿನ ಲೆಕ್ಕದಲ್ಲಿ ಐದಡಿಗೆ ಗುರುತು ಹಾಕುತ್ತಾರೆ. ಅವರು ಕೊರೆಯುವ ಮುಂಚೆ ನೀವು ಸೋಫಾದಲ್ಲಿ ಕೂತು ತೋರಿಸಿ.

ಹಂತ 3: ಮನೆಗೆ ಏನು ಬರುತ್ತದೆ?

ಎಚ್‌ಡಿ ರೆಡಿ ಎಂದರೆ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳು. ಫುಲ್ ಎಚ್‌ಡಿ 1920×1080. 4ಕೆ 3840×2160, ಅಂದರೆ ಒಟ್ಟು ಸುಮಾರು 83 ಲಕ್ಷ ಚುಕ್ಕಿಗಳು, ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಎಚ್‌ಡಿ ಅಲ್ಲದ ಸಾಮಾನ್ಯ ಚಾನೆಲ್ ಕಳಿಸುವುದು ಬರೇ 576 ಗೆರೆ. ಅದನ್ನು ಎಳೆದು 2160 ಗೆರೆಗೆ ಹಿಗ್ಗಿಸುವಾಗ ಚಿತ್ರ ಮಬ್ಬಾಗುವುದು ಟಿವಿಯ ದೋಷವಲ್ಲ. ಹೊಸ ಟಿವಿಯಲ್ಲಿ ಊರಿನ ಚಾನೆಲ್ ಹಳೆಯದಕ್ಕಿಂತ ಕೆಟ್ಟದಾಗಿ ಕಾಣುತ್ತದೆ ಎಂಬ ದೂರಿನ ಹಿಂದೆ ಇರುವುದು ಇದೇ.

ಕಣ್ಣಿಗೂ ಮಿತಿ ಇದೆ. 43 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕಿಗಳು ಐದೂವರೆ ಅಡಿ ಆಚೆಯಿಂದ ಬಿಡಿಬಿಡಿಯಾಗಿ ಕಾಣುವುದಿಲ್ಲ. ಮಲಗುವ ಕೋಣೆಗೆ 32 ಇಂಚು ಕೊಳ್ಳುವವರು 4ಕೆ ಹುಡುಕಿ ಅಲೆಯಬೇಕಾಗಿಲ್ಲ. 50 ಇಂಚು ದಾಟಿದ ಮೇಲೆ 4ಕೆ ಬಿಟ್ಟು ಬೇರೆ ನೋಡಬೇಡಿ. 8ಕೆಗೆ ದುಡ್ಡು ಸುರಿಯುವಷ್ಟು ಕಾರ್ಯಕ್ರಮಗಳೇ ಇಲ್ಲ. 4ಕೆ ಸ್ಟ್ರೀಮಿಂಗ್‌ಗೆ ಟಿವಿಯ ಹತ್ತಿರ 25 ಎಂಬಿಪಿಎಸ್ ವೇಗ ಸಿಗಬೇಕು. ರೂಟರ್ ಹತ್ತಿರ ಅಳೆದರೆ ಪ್ರಯೋಜನವಿಲ್ಲ, ದಪ್ಪ ಕೆಂಪುಕಲ್ಲಿನ ಗೋಡೆ ದಾಟುವಾಗ ವೈಫೈ ಬಡವಾಗುತ್ತದೆ.

ಹಂತ 4: ಪ್ಯಾನೆಲ್

ಎಲ್‌ಇಡಿ, ಕ್ಯುಎಲ್‌ಇಡಿ, ಮಿನಿ ಎಲ್‌ಇಡಿ ಎಲ್ಲವೂ ಮೂಲದಲ್ಲಿ ಎಲ್‌ಸಿಡಿಯೇ, ಹಿಂದಿನಿಂದ ಬೆಳಕು ಬಿಡುವಂಥವು. ಕ್ಯುಎಲ್‌ಇಡಿಯಲ್ಲಿ ಬಣ್ಣ ಶುದ್ಧ, ಆದರೆ ಕಪ್ಪು ಇನ್ನಷ್ಟು ಕಪ್ಪಾಗುವುದಿಲ್ಲ. ಕಪ್ಪು ಬೇಕಾದರೆ ಬ್ಯಾಕ್‌ಲೈಟ್ ಭಾಗಭಾಗವಾಗಿ ಆರಬೇಕು. ಲೋಕಲ್ ಡಿಮ್ಮಿಂಗ್ ಇದೆಯೇ, ಎಷ್ಟು ವಲಯ ಎಂದು ಕೇಳಿ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಉರಿದು ತಾನೇ ಆರುತ್ತದೆ, ಕತ್ತಲೆ ಕೋಣೆಯಲ್ಲಿ ಅದಕ್ಕೆ ಸಾಟಿ ಇಲ್ಲ. ಬೆಳಗಿನಿಂದ ರಾತ್ರಿ ತನಕ ನ್ಯೂಸ್ ಚಾನೆಲ್ ಓಡುವ ಮನೆಗೆ ಮಾತ್ರ ಅದು ಬೇಡ. ಅಲುಗಾಡದ ಲೋಗೋ, ಕೆಳಗಿನ ಪಟ್ಟಿ ವರ್ಷಗಳಲ್ಲಿ ಪರದೆಯ ಮೇಲೆ ನೆರಳಾಗಿ ಉಳಿದುಬಿಡಬಹುದು.

ಎಲ್‌ಸಿಡಿಯಲ್ಲಿ ಐಪಿಎಸ್, ವಿಎ ಎಂದು ಎರಡು ಬಗೆ. ಐಪಿಎಸ್ ಪಕ್ಕದಿಂದ ನೋಡಿದರೂ ಬಣ್ಣ ಮಾಸುವುದಿಲ್ಲ, ಕಪ್ಪು ಮಾತ್ರ ಬೂದಿ ಬಣ್ಣ. ವಿಎ ಇದರ ತದ್ವಿರುದ್ಧ. ಅಜ್ಜಿ ಸೋಫಾದಲ್ಲಿ, ಮಕ್ಕಳು ಚಾಪೆಯಲ್ಲಿ, ಒಬ್ಬರು ಅಡುಗೆಕೋಣೆಯ ಬಾಗಿಲಲ್ಲಿ ನಿಂತು ನೋಡುವ ಮನೆಗೆ ಐಪಿಎಸ್. ಇಬ್ಬರೇ ಎದುರು ಕೂತು ರಾತ್ರಿ ಸಿನೆಮಾ ನೋಡುವವರಿಗೆ ವಿಎ. ಮಾಡಿಗೆ ಗಾಜಿನ ಹಂಚು ಇರುವ ಮನೆಯಲ್ಲಿ ಮಧ್ಯಾಹ್ನದ ಬಿಸಿಲಿನ ಚೌಕ ಎಲ್ಲಿ ಬೀಳುತ್ತದೆ ಎಂದು ಒಂದು ದಿನ ನೋಡಿಟ್ಟುಕೊಳ್ಳಿ. ಅಗ್ಗದ ಟಿವಿಯ 250-300 ನಿಟ್ಸ್ ಬೆಳಕು ಅದರ ಎದುರು ಸೋಲುತ್ತದೆ. ಅಷ್ಟು ಬೆಳಕಿನ ಟಿವಿಯ ಪೆಟ್ಟಿಗೆಯ ಮೇಲೆ ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರವನ್ನು ಹೆಚ್ಚಿಸಿ ತೋರಿಸುವ ಬಗೆ) ಎಂದಿದ್ದರೂ ಅದು ಹೆಸರಿಗಷ್ಟೇ. ಆ ಸಂಕೇತವನ್ನು ಓದಬಲ್ಲದು, ಬೆಳಗಿ ತೋರಿಸಲಾರದು.

ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂದು ಕೇಳುವಾಗ ನೇಟಿವ್ (ಪ್ಯಾನೆಲಿನದೇ ಆದ ವೇಗ) ಎಷ್ಟು ಎಂದೇ ಕೇಳಿ. ಮೋಷನ್ ರೇಟ್ 120 ಎಂದು ಬರೆದ ಪೆಟ್ಟಿಗೆಯೊಳಗೆ 60 ಹರ್ಟ್ಸ್ ಪ್ಯಾನೆಲ್ ಇರುವುದುಂಟು.

ಹಂತ 5: ಅಂಗಡಿಯಲ್ಲಿ ಚುಟ್ಟಿ, ದಿಗಿಣ, ಕಂಬಳ

ಅಂಗಡಿಯ ಡೆಮೊ ವೀಡಿಯೊ ಹೂವು, ಜಲಪಾತ ತೋರಿಸಿ ಮರುಳು ಮಾಡಲೆಂದೇ ತಯಾರಾದದ್ದು. ಪೆನ್‌ಡ್ರೈವಿನಲ್ಲಿ ನಿಮ್ಮದೇ ಮೂರು ತುಣುಕು ಒಯ್ಯಿರಿ. ನಮ್ಮ ಊರಿನವರಿಗೆ ಯಕ್ಷಗಾನಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮೊದಲಿಗೆ ಸೆಟ್ಟಿಂಗ್ಸಿನಲ್ಲಿ ಸ್ಟೋರ್ ಮೋಡ್ ತೆಗೆದು ಹೋಮ್ ಮೋಡ್, ಅದರಲ್ಲೂ ಸಿನೆಮಾ ಎಂಬ ಆಯ್ಕೆ ಹಾಕಿಸಿ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖ ಹತ್ತಿರದಿಂದ ಕಂಡಾಗ ಅದಕ್ಕೆ ಅಕ್ಕಿಹಿಟ್ಟಿನಲ್ಲಿ ಇಟ್ಟ ಚುಟ್ಟಿಯ ಬಿಳಿ ಚುಕ್ಕಿಗಳು ಒಂದೊಂದಾಗಿ ಎಣಿಸುವಂತಿರಬೇಕು. ಸುತ್ತ ಪ್ರಭೆಯಂತೆ ಬಿಳಿ ಅಂಚು ಕಂಡರೆ ಶಾರ್ಪ್‌ನೆಸ್ ಅತಿಯಾಗಿದೆ, ಇಳಿಸಿ ನೋಡಿ. ಕಿರೀಟದ ಕೆಂಪು ಒಂದೇ ಮುದ್ದೆಯಾಗಬಾರದು, ರಂಗಸ್ಥಳದ ಹಿಂದಿನ ರಾತ್ರಿ ಕಪ್ಪಾಗಿಯೇ ಇರಬೇಕು. ವೇಷಧಾರಿ ಸುತ್ತುತ್ತ ನೆಗೆದು ದಿಗಿಣ ಹಾರುವಾಗ ಕಾಲು ಬಾಲದಂತೆ ಮಬ್ಬಾದರೆ ಪ್ಯಾನೆಲ್ ನಿಧಾನದ್ದು. ಕಂಬಳದ ಕೋಣಗಳ ಓಟದಲ್ಲಿ ಎದ್ದ ನೀರು ಚೌಕಚೌಕವಾಗಿ ಒಡೆಯುತ್ತಿದ್ದರೆ ಪ್ರೊಸೆಸರ್ ಸೋತಿದೆ, ಅಥವಾ ನಿಮ್ಮ ವೀಡಿಯೊವೇ ಕಳಪೆ. ಅದೇ ತುಣುಕನ್ನು ಇನ್ನೊಂದು ಟಿವಿಯಲ್ಲಿ ಹಾಕಿದರೆ ತೀರ್ಮಾನವಾಗುತ್ತದೆ. ಆಮೇಲೆ ಪಕ್ಕಕ್ಕೆ ಸರಿದು 45 ಡಿಗ್ರಿ ಕೋನದಿಂದ ನೋಡಿ. ಕೊನೆಗೆ ಒಂದು ಸಾಮಾನ್ಯ ಕೇಬಲ್ ಚಾನೆಲ್ ಹಾಕಿಸಲು ಮರೆಯಬೇಡಿ.

ಹಿಂಬದಿಯಲ್ಲಿ ಎಚ್‌ಡಿಎಂಐ ಕನಿಷ್ಠ ಮೂರು ಇರಲಿ: ಸೆಟ್‌ಟಾಪ್ ಬಾಕ್ಸ್, ಸೌಂಡ್‌ಬಾರ್, ಮತ್ತೊಂದು ಬಿಡುವಾಗಿ. ಸೌಂಡ್‌ಬಾರಿಗೆ ಟಿವಿಯ ಸದ್ದನ್ನು ಹೊರಗೆ ಕಳಿಸುವ, ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದ ಪೋರ್ಟೇ ಆಗಬೇಕು. ತಗಡಿನ ಶೀಟಿನ ಮೇಲೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಸುರಿಯುವಾಗ 20 ವ್ಯಾಟ್ ಸ್ಪೀಕರಿನ ಟಿವಿ ಮೂಕಿಯಂತೆ, ಹಾಗಾಗಿ ಬಜೆಟ್ಟಿನಲ್ಲಿ ಸೌಂಡ್‌ಬಾರಿನ ದುಡ್ಡನ್ನು ಮೊದಲೇ ತೆಗೆದಿಡಿ. ರ‍್ಯಾಮ್ 2 ಜಿಬಿ, ಸ್ಟೋರೇಜ್ 16 ಜಿಬಿಗಿಂತ ಕಡಿಮೆಯದು ಎರಡು ವರ್ಷದಲ್ಲಿ ತೆವಳಲು ಶುರುಮಾಡುತ್ತದೆ.

ಹಂತ 6: ಬಿಲ್ಲು, ಪೆಟ್ಟಿಗೆ

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಉಳಿಸಲೆಂದು 32ಕ್ಕೇ ಅಂಟಿಕೊಳ್ಳುವ ಕಾರಣ ಈಗಿಲ್ಲ. ದುಬೈಯಿಂದ ತರುತ್ತೇನೆ ಎನ್ನುವ ಭಾವನಿಗೆ ಬೇಡ ಎನ್ನಿ. ಪ್ರಯಾಣಿಕರು ತರುವ ಫ್ಲ್ಯಾಟ್ ಟಿವಿಗೆ 2013ರ ಆಗಸ್ಟ್ 26ರಿಂದ ಸುಂಕ ವಿನಾಯಿತಿ ತಪ್ಪಿಹೋಯಿತು. ಅಲ್ಲಿನ ವಾರಂಟಿ ಇಲ್ಲಿ ಸಾಮಾನ್ಯವಾಗಿ ನಡೆಯುವುದೂ ಇಲ್ಲ.

ಪ್ಯಾನೆಲ್ ಒಡೆದರೆ ಅದರ ಬೆಲೆ ಹೊಸ ಟಿವಿಯ ಹತ್ತಿರ ಬರುತ್ತದೆ. ಪೆಟ್ಟಿಗೆಯನ್ನು ನಿಲ್ಲಿಸಿಯೇ ತರಬೇಕು, ಮಲಗಿಸಿ ತಂದಿದ್ದರೆ ಸಹಿ ಹಾಕುವ ಮೊದಲೇ ಆಕ್ಷೇಪ ಬರೆಯಿರಿ. ಬಿಚ್ಚುವಾಗ ಒಂದೇ ತುಂಡಿನ ವೀಡಿಯೊ ಮಾಡಿಟ್ಟುಕೊಳ್ಳಿ. ಸೀರಿಯಲ್ ನಂಬರ್ ಪೆಟ್ಟಿಗೆ, ಟಿವಿ, ಬಿಲ್ಲು ಮೂರರಲ್ಲೂ ಒಂದೇ ಇರಬೇಕು. ಪೂರಾ ಬಿಳಿ, ಪೂರಾ ಕಪ್ಪು ಚಿತ್ರ ಹಾಕಿ ಸತ್ತ ಚುಕ್ಕಿ, ಅಂಚಿನ ಬೆಳಕಿನ ಸೋರಿಕೆ ನೋಡಿ. ಗೋಡೆಯ ಬ್ರ್ಯಾಕೆಟ್ಟಿಗೆ ಬೇರೆ ದುಡ್ಡೇ ಎಂಬುದನ್ನು ಅಂಗಡಿಯಲ್ಲೇ ಇತ್ಯರ್ಥ ಮಾಡಿಕೊಳ್ಳಿ.

ಹಂತ 7: ಸಿಡಿಲು, ಉಪ್ಪುಗಾಳಿ

ಮೇ ಕೊನೆಯ ಪತ್ತನಾಜೆಯ ಆಚೀಚೆಯ ಗುಡುಗು, ಮತ್ತೆ ಅಕ್ಟೋಬರಿನ ಸಂಜೆಯ ಸಿಡಿಲು, ಇವೆರಡೂ ಟಿವಿಗಳಿಗೆ ಗಂಡಾಂತರದ ಕಾಲ. ಸ್ಪೈಕ್ ಗಾರ್ಡ್ ಕಾಯುವುದು ಕರೆಂಟಿನ ದಾರಿಯನ್ನು ಮಾತ್ರ. ಮಾಡಿನ ಮೇಲಿನ ಡಿಶ್ಶಿನ ಕೇಬಲ್ಲಿನಲ್ಲಿ ಬಂದ ಆಘಾತ ಸೆಟ್‌ಟಾಪ್ ಬಾಕ್ಸ್ ಹೊಕ್ಕು ಎಚ್‌ಡಿಎಂಐ ಮೂಲಕ ಟಿವಿಯ ಬೋರ್ಡನ್ನು ಸುಡುತ್ತದೆ. ಪ್ಲಗ್ಗು, ಡಿಶ್ ಕೇಬಲ್, ರೂಟರಿನಿಂದ ಬರುವ ಲ್ಯಾನ್ ವೈರು, ಮೂರನ್ನೂ ಗುಡುಗು ದೂರ ಇರುವಾಗಲೇ ಕಳಚಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ಕೇಬಲ್ ಮುಟ್ಟಬೇಡಿ. ಸ್ಪೈಕ್ ಗಾರ್ಡಿಗೂ ಸರಿಯಾದ ಅರ್ಥಿಂಗ್ ಇದ್ದರೆ ಮಾತ್ರ ಬೆಲೆ. ಕೆಂಪುಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ, ಮಾರ್ಚ್ ಕಳೆಯುವಾಗ ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ, ಗುಂಡಿಗೆ ನೀರು ಹಾಕಿಸಿ.

ಮಲ್ಪೆ, ಉಳ್ಳಾಲ, ಪಣಂಬೂರಿನ ಕಡಲಬದಿಯ ಮನೆಗಳಲ್ಲಿ ಪರದೆಯ ಮೇಲೆ ಉಪ್ಪಿನ ತೆಳು ಪದರ ಕೂರುತ್ತದೆ. ಮೊದಲು ಒಣ ಮೈಕ್ರೋಫೈಬರ್ ಬಟ್ಟೆ, ಆಮೇಲೆ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ. ಗಾಜು ಒರೆಸುವ ಸ್ಪ್ರೇ ಪರದೆಯ ಲೇಪವನ್ನೇ ತಿನ್ನುತ್ತದೆ. ಟಿವಿಗೆ ಪ್ಲಾಸ್ಟಿಕ್ ಕವರ್ ಹಾಕಬೇಡಿ, ಒಳಗೆ ತೇವ ಕಟ್ಟುತ್ತದೆ, ಹತ್ತಿ ಬಟ್ಟೆ ಸಾಕು. ಮಳೆಗಾಲದಲ್ಲಿ ವಾರಕ್ಕೆ ಎರಡು ಬಾರಿಯಾದರೂ ಅರ್ಧ ಗಂಟೆ ಓಡಿಸಿದರೆ ಆ ಬಿಸಿಗೇ ಬೋರ್ಡು ಒಣಗಿರುತ್ತದೆ.

ಮುಂಬಯಿ ಅಥವಾ ಗಲ್ಫಿನಲ್ಲಿದ್ದು ಚೌತಿಗೆ ಬಂದು ಬೀಗ ತೆಗೆಯುವವರು ಮೊದಲ ದಿನವೇ ಟಿವಿ ಹಾಕಬಾರದು. ಕಿಟಕಿ ತೆರೆದು, ಫ್ಯಾನ್ ತಿರುಗಿಸಿ, ಒಂದು ಹಗಲು ರಾತ್ರಿ ಬಿಟ್ಟು ಮರುದಿನ ಪ್ಲಗ್ಗು ಚುಚ್ಚಿ.